ಗೇಮ್ ಕನ್ಸೋಲ್ ಕೈಗೆ ಒಗ್ಗುತ್ತದೆಯೇ? ಪರೀಕ್ಷಿಸುವುದು ಹೀಗೆ

1989ರಲ್ಲಿ ಬಂದ, ಕೈಯಲ್ಲಿ ಹಿಡಿದು ಆಡುವ ಕನ್ಸೋಲ್ ನಿಂಟೆಂಡೊ ಗೇಮ್ ಬಾಯ್‌ಗೆ ಬಣ್ಣದ ಪರದೆಯೂ ಇರಲಿಲ್ಲ, ಪರದೆಗೆ ಹಿಂಬೆಳಕೂ ಇರಲಿಲ್ಲ. ಮರುವರ್ಷ ಬಂದ ಸೆಗಾ ಗೇಮ್ ಗಿಯರ್‌ನಲ್ಲಿ ಎರಡೂ ಇದ್ದವು. ಆದರೆ ಅದು ಆರು ಬ್ಯಾಟರಿಗಳನ್ನು ಮೂರರಿಂದ ಐದು ಗಂಟೆಯೊಳಗೆ ಬರಿದು ಮಾಡುತ್ತಿತ್ತು. ಗೇಮ್ ಬಾಯ್ ನಾಲ್ಕೇ ಬ್ಯಾಟರಿಗಳಲ್ಲಿ ಹತ್ತು ಗಂಟೆಗೂ ಮೀರಿ ಓಡುತ್ತಿತ್ತು. ಗೇಮ್ ಬಾಯ್ ಗೆದ್ದದ್ದಕ್ಕೆ ಆಟಗಳೂ ಬೆಲೆಯೂ ಕಾರಣ, ನಿಜ. ಆದರೂ ಪೆಟ್ಟಿಗೆಯ ಮೇಲೆ ಅಚ್ಚಾದ ಗುಣವಿಶೇಷಗಳನ್ನು ಓದಿ ಕನ್ಸೋಲ್ ಬಳಸಲು ಹೇಗಿದೆ ಎಂದು ಹೇಳಲಾಗದು ಎಂಬುದಕ್ಕೆ ಇಷ್ಟು ಸಾಕು. ಬಳಸುವವರ ಕೈಗೆ ಕೊಟ್ಟು ನೋಡಬೇಕು.

ಮೊದಲು ಯಾರು, ಎಲ್ಲಿ ಎಂಬುದು

ಬಳಕೆಯೋಗ್ಯತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9241-11 ಮೂರು ವಿಷಯಗಳನ್ನು ಕೇಳುತ್ತದೆ: ಕೆಲಸ ಆಯಿತೇ, ಎಷ್ಟು ಶ್ರಮದಲ್ಲಿ ಆಯಿತು, ಬಳಸಿದವರಿಗೆ ತೃಪ್ತಿಯಾಯಿತೇ. ಜೊತೆಗೊಂದು ಷರತ್ತು ಇದೆ. ಯಾರು, ಯಾವ ಕೆಲಸಕ್ಕೆ, ಯಾವ ಸಂದರ್ಭದಲ್ಲಿ ಬಳಸುತ್ತಾರೆ ಎಂಬುದನ್ನು ಮೊದಲೇ ಗೊತ್ತುಪಡಿಸಿಕೊಳ್ಳಬೇಕು. ಹತ್ತು ವರ್ಷದ ಮಗು ಬಸ್ಸಿನಲ್ಲಿ ಆಡುವುದೂ ದೊಡ್ಡವರು ಹಾಸಿಗೆಯಲ್ಲಿ ಮಲಗಿ ಆಡುವುದೂ ಬೇರೆ ಬೇರೆ ಪರೀಕ್ಷೆಗಳು.

ಒಂದು ಗುಂಪಿಗೆ ಐದು ಜನ ಸಾಕು ಎಂಬುದು ಬಳಕೆಯೋಗ್ಯತೆಯ ತಜ್ಞ ಜೇಕಬ್ ನೀಲ್ಸನ್ ಅವರ ಪ್ರಸಿದ್ಧ ಸಲಹೆ. ಮಕ್ಕಳನ್ನೂ ದೊಡ್ಡವರನ್ನೂ ಒಂದೇ ಐವರಲ್ಲಿ ಬೆರೆಸಬೇಡಿ. ಸಣ್ಣ ಅಂಗೈಯವರು ಒಬ್ಬರು, ಎಡಚರು ಒಬ್ಬರು ಇರಲಿ. ಪ್ರತಿಯೊಬ್ಬರೂ ಈ ಹಿಂದೆ ಯಾವ ಕನ್ಸೋಲ್ ಬಳಸಿದ್ದರು ಎಂದು ಬರೆದಿಟ್ಟುಕೊಳ್ಳಿ. ಇದರ ಉಪಯೋಗ ಮುಂದೆ ಬರುತ್ತದೆ.

ಬೆರಳುಗಳನ್ನು ನೋಡಿ

ನಿಂಟೆಂಡೊ ಸ್ವಿಚ್ ಲೈಟ್ ಸುಮಾರು 275 ಗ್ರಾಂ ತೂಗುತ್ತದೆ, ಮೊದಲ ಸ್ಟೀಮ್ ಡೆಕ್ 669 ಗ್ರಾಂ. ತಕ್ಕಡಿ ಹೇಳುವುದು ಅಷ್ಟೇ. ತೂಕ ಎರಡು ಕಡೆಗೂ ಸಮನಾಗಿ ಹಂಚಿದೆಯೇ, ಹಿಂಬದಿಯಲ್ಲಿ ಹಿಡಿತವಿದೆಯೇ ಎಂಬುದು ಅರ್ಧ ಗಂಟೆ ಆಡಿಸಿದರೆ ಮಾತ್ರ ತಿಳಿಯುತ್ತದೆ. ಮೊಣಕೈಗೆ ಆಸರೆ ಕೊಡದೆ ಕೂರಿಸಿ. ನಿಮ್ಮ ಕಣ್ಣು ಪರದೆಯ ಮೇಲಲ್ಲ, ಕೈಗಳ ಮೇಲಿರಲಿ. ಕಿರುಬೆರಳು ಕನ್ಸೋಲಿನ ಅಡಿಗೆ ಸರಿದು ಭಾರ ಹೊರತೊಡಗುವುದು ಮೊದಲ ಸುಳಿವು. ಬಲಗಡೆಯ ಸ್ಟಿಕ್ (ಹೆಬ್ಬೆರಳಿನಿಂದ ಆಚೀಚೆ ತಳ್ಳುವ ಪುಟ್ಟ ಕಡ್ಡಿ) ಗುಂಡಿಗಳ ನೇರ ಕೆಳಗಿದ್ದರೆ ಹೆಬ್ಬೆರಳು ಒಳಕ್ಕೆ ಮಡಚಿಕೊಳ್ಳುತ್ತದೆ. ಸ್ವಲ್ಪ ಹೊತ್ತಿನಲ್ಲೇ ಆಡುವವರು ಕೈ ಬಿಟ್ಟು ಬೆರಳು ಕೊಡವುತ್ತಾರೆ. ಕೇಳಿದರೆ ‘ಏನೂ ತೊಂದರೆಯಿಲ್ಲ’ ಎನ್ನುತ್ತಾರೆ. ನೀವು ಕಂಡದ್ದನ್ನು ಬರೆಯಿರಿ, ಅವರು ಸೌಜನ್ಯಕ್ಕೆ ಹೇಳಿದ್ದನ್ನಲ್ಲ.

ಕೆಲಸ ಕೊಡಿ, ದಾರಿ ಹೇಳಬೇಡಿ

‘ಸೆಟ್ಟಿಂಗ್ಸ್‌ಗೆ ಹೋಗಿ ಬೆಳಕು ತಗ್ಗಿಸಿ’ ಎಂದರೆ ಉತ್ತರವನ್ನೇ ಕೈಗಿತ್ತಂತೆ. ‘ಪಕ್ಕದಲ್ಲಿ ಯಾರೋ ಮಲಗಿದ್ದಾರೆ, ಅವರಿಗೆ ತೊಂದರೆಯಾಗದಂತೆ ಮಾಡಿ’ ಎನ್ನಿ. ‘ಆಟದ ನಡುವೆ ಯಾರೋ ಕರೆದರು, ನಿಲ್ಲಿಸಿ, ಬಂದು ಅಲ್ಲಿಂದಲೇ ಮುಂದುವರಿಸಿ’ ಎನ್ನಿ. ಮೆನುಗಳಲ್ಲಿ ಓಡಾಡುವಾಗ ಮನಸ್ಸಿನಲ್ಲಿ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಲು ತಿಳಿಸಿ. ಜೋರಾಗಿ ಆಟ ನಡೆಯುವಾಗ ಮಾತ್ರ ಈ ನಿಯಮ ಬೇಡ: ಮಾತನಾಡುತ್ತ ಆಡಿದರೆ ಆಟವೇ ಕೆಡುತ್ತದೆ. ಮುಗಿದ ಮೇಲೆ ಕೇಳಿ. ಅವರು ತಡಕಾಡುವಾಗ ಸುಮ್ಮನಿರುವುದೇ ಪರೀಕ್ಷಕರಿಗೆ ಅತಿ ಕಷ್ಟದ ಕೆಲಸ. ನಾಲಿಗೆಯ ತುದಿಗೆ ಬಂದ ಉತ್ತರವನ್ನು ನುಂಗಿಕೊಳ್ಳಲೇಬೇಕು.

ಹಿಂದಿನ ಅನುಭವ ಬರೆದಿಟ್ಟದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ‘ಸರಿ’ ಎನ್ನಲು ಒತ್ತುವ ‘ಎ’ ಗುಂಡಿ ನಿಂಟೆಂಡೊದಲ್ಲಿ ಬಲತುದಿಯಲ್ಲಿದೆ, ಎಕ್ಸ್‌ಬಾಕ್ಸ್‌ನಲ್ಲಿ ಕೆಳತುದಿಯಲ್ಲಿ. ಒಂದರಿಂದ ಇನ್ನೊಂದಕ್ಕೆ ಬಂದವರು ‘ಸರಿ’ ಎಂದು ಒತ್ತಲು ಹೋಗಿ ಹಿಂದಿನ ಪುಟಕ್ಕೆ ಜಾರುತ್ತಾರೆ, ಮತ್ತೆ ಒಳಬರುತ್ತಾರೆ, ಮತ್ತೆ ಜಾರುತ್ತಾರೆ. ಇದನ್ನು ಕನ್ಸೋಲಿನ ದೋಷವೆಂದು ಬರೆಯುವ ಮೊದಲು, ಹೊಸಬರೂ ಅಲ್ಲೇ ಎಡವುತ್ತಾರೆಯೇ ನೋಡಿ. ಹಾಗೆಯೇ ಆಟದ ದೋಷ ಕನ್ಸೋಲಿನ ತಲೆಗೆ ಬರದಿರಲು ಕನಿಷ್ಠ ಎರಡು ಬಗೆಯ ಆಟಗಳನ್ನು ಆಡಿಸಿ.

ಪರದೆಯನ್ನು ಬಿಸಿಲಿನಲ್ಲೂ ಪರೀಕ್ಷಿಸಿ. ಟಿವಿಗೆಂದು ರೂಪಿಸಿದ ಆಟಗಳ ಅಕ್ಷರಗಳು ಏಳು ಇಂಚಿನ ಪರದೆಯಲ್ಲಿ ಇರುವೆಯಷ್ಟಾಗುತ್ತವೆ. ಸಂಭಾಷಣೆಯ ಒಂದು ಸಾಲನ್ನು ಗಟ್ಟಿಯಾಗಿ ಓದಿಸಿ. ಬ್ಯಾಟರಿ ಅಳೆಯುವಾಗ ಬೆಳಕು, ಧ್ವನಿ, ವೈಫೈ ಮೂರನ್ನೂ ಒಂದೇ ಮಟ್ಟದಲ್ಲಿಡಿ.

ಕೊನೆಗೆ ಅಂಕ

ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ‘ಸಸ್’ (ಸಿಸ್ಟಮ್ ಯೂಸಬಿಲಿಟಿ ಸ್ಕೇಲ್) ಪ್ರಶ್ನಾವಳಿ ಚಿಕ್ಕದು, ಚೊಕ್ಕದು. ಹತ್ತು ಹೇಳಿಕೆಗಳು, ಪ್ರತಿಯೊಂದಕ್ಕೂ 1 (ಸ್ವಲ್ಪವೂ ಒಪ್ಪುವುದಿಲ್ಲ) ರಿಂದ 5 (ಪೂರ್ತಿ ಒಪ್ಪುತ್ತೇನೆ) ರವರೆಗೆ ಅಂಕ. ಬೆಸ ಸಂಖ್ಯೆಯವು ಹೊಗಳುವ ಹೇಳಿಕೆಗಳು, ಸಮ ಸಂಖ್ಯೆಯವು ತೆಗಳುವವು. ಬೆಸ ಸಂಖ್ಯೆಯ ಹೇಳಿಕೆಗೆ ಬಂದ ಅಂಕದಿಂದ 1 ಕಳೆಯಿರಿ. ಸಮ ಸಂಖ್ಯೆಯದ್ದಾದರೆ ಅಂಕವನ್ನು 5ರಿಂದ ಕಳೆಯಿರಿ. ಎಲ್ಲವನ್ನೂ ಕೂಡಿಸಿ 2.5ರಿಂದ ಗುಣಿಸಿದರೆ 0ಯಿಂದ 100ರೊಳಗಿನ ಒಂದು ಸಂಖ್ಯೆ ಸಿಗುತ್ತದೆ. ಇದು ಶೇಕಡಾವಾರು ಲೆಕ್ಕವಲ್ಲ. ಸಾಮಾನ್ಯವಾಗಿ 68ನ್ನು ಸರಾಸರಿ ಎಂದು ಹಿಡಿಯುತ್ತಾರೆ. ಐವರಿಂದ ಬಂದ ಅಂಕವನ್ನು ಅಂದಾಜು ಎಂದಷ್ಟೇ ನೋಡಿ.

ಸಾಧ್ಯವಾದರೆ ಅದೇ ಐವರಿಗೆ ಕನ್ಸೋಲನ್ನು ಒಂದು ವಾರ ಕೊಟ್ಟು ಮತ್ತೆ ಕರೆಯಿರಿ. ಗುಂಡಿ ತಪ್ಪುವುದು ನಿಂತಿದ್ದರೆ ಅದು ರೂಢಿಯ ತೊಡಕು. ಹೆಬ್ಬೆರಳನ್ನು ಈಗಲೂ ಕೊಡವುತ್ತಿದ್ದರೆ ತೊಡಕು ಆಕಾರದ್ದು. ವರದಿಯಲ್ಲಿ ಇವೆರಡನ್ನು ಬೇರೆ ಬೇರೆ ಪಟ್ಟಿಗಳಲ್ಲಿ ಬರೆದು, ಆಕಾರದ ಪಟ್ಟಿಯನ್ನು ಮೊದಲಿಡಿ. ಅದನ್ನು ಸಾಫ್ಟ್‌ವೇರ್ ಅಪ್‌ಡೇಟ್‌ನಿಂದ ಸರಿಪಡಿಸಲಾಗದು.