ಅಥೆನ್ಸ್‌ನಿಂದ ಹೈಡ್ರಾಕ್ಕೆ: ಬಾಡಿಗೆ ಯಾಟ್‌ನಲ್ಲಿ ಒಂದು ವಾರ

ಗ್ರೀಸ್ ಎಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಸಾಂಟೊರಿನಿ, ಮೈಕೊನೋಸ್. ಮೊದಲ ಸಲ ಯಾಟ್ ಬಾಡಿಗೆಗೆ ಹಿಡಿಯುವವರು ಇವೆರಡನ್ನೂ ಸದ್ಯಕ್ಕೆ ಬದಿಗಿಡಿ. ಜುಲೈ, ಆಗಸ್ಟ್‌ನಲ್ಲಿ ಈ ದ್ವೀಪಗಳಿರುವ ಏಜಿಯನ್ ಸಮುದ್ರದ ನಡುವೆ ಉತ್ತರದಿಂದ ‘ಮೆಲ್ತೆಮಿ’ ಎಂಬ ಗಾಳಿ ಬೀಸುತ್ತದೆ. ಆಕಾಶದಲ್ಲಿ ಒಂದು ಮೋಡವೂ ಇರುವುದಿಲ್ಲ. ಗಾಳಿ ಮಾತ್ರ ದಿನಗಟ್ಟಲೆ ನಿಲ್ಲುವುದಿಲ್ಲ. ದುಡ್ಡು ಕೊಟ್ಟು ಹಿಡಿದ ದೋಣಿಯನ್ನು ಬಂದರಿನಲ್ಲೇ ಕಟ್ಟಿಕೊಂಡು ಕೂರಬೇಕಾಗುತ್ತದೆ. ಸಾಂಟೊರಿನಿಯ ಒಳಬದಿಯಲ್ಲಿ ನೀರು ಎಷ್ಟು ಆಳವೆಂದರೆ, ಅಲ್ಲಿ ಲಂಗರು ಹಾಕುವುದೇ ಕಷ್ಟ.

ಅದರ ಬದಲು ಅಥೆನ್ಸ್‌ನ ಪಕ್ಕದಲ್ಲೇ ಇರುವ ಸರೋನಿಕ್ ಕೊಲ್ಲಿಗೆ ಹೋಗಿ. ಸುತ್ತ ನೆಲವಿರುವುದರಿಂದ ಗಾಳಿಯ ಅಬ್ಬರ ಕಡಿಮೆ. ಒಂದು ದ್ವೀಪದಿಂದ ಇನ್ನೊಂದಕ್ಕೆ ಮೂರು, ನಾಲ್ಕು ಗಂಟೆಯ ದಾರಿ. ಮೊದಲ ಪ್ರಯಾಣಕ್ಕೆ ಇದಕ್ಕಿಂತ ಒಳ್ಳೆಯ ನೀರು ನನಗೆ ಗೊತ್ತಿಲ್ಲ.

ಮೊದಲು ತಿಂಗಳು, ಆಮೇಲೆ ದೋಣಿ

ಮೇ ಕೊನೆಯಿಂದ ಜೂನ್ ಮುಗಿಯುವವರೆಗೆ, ಇಲ್ಲವೇ ಸೆಪ್ಟೆಂಬರ್. ನನ್ನ ಆಯ್ಕೆ ಸೆಪ್ಟೆಂಬರ್. ಬೇಸಿಗೆಯಿಡೀ ಕಾದ ನೀರು ಆಗಲೂ ಬೆಚ್ಚಗಿರುತ್ತದೆ, ಜನಜಂಗುಳಿ ಕರಗಿರುತ್ತದೆ, ಬಾಡಿಗೆಯೂ ಆಗಸ್ಟ್‌ಗಿಂತ ಇಳಿದಿರುತ್ತದೆ.

ಯಾಟ್‌ಗಳನ್ನು ಸಾಮಾನ್ಯವಾಗಿ ವಾರದ ಲೆಕ್ಕದಲ್ಲಿ ಕೊಡುತ್ತಾರೆ, ಶನಿವಾರದಿಂದ ಶನಿವಾರಕ್ಕೆ. ವಿಮಾನದ ಟಿಕೆಟ್ ಇದಕ್ಕೆ ಹೊಂದಿಕೊಳ್ಳಲಿ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ಯಾಟ್‌ನ ಕರಾರುಪತ್ರವನ್ನೇ ಉಳಿದುಕೊಳ್ಳುವ ಜಾಗದ ದಾಖಲೆಯಾಗಿ ಜೊತೆಗಿಡಿ. ದೋಣಿ ಹತ್ತುವ ಶನಿವಾರದ ಹಿಂದಿನ ರಾತ್ರಿಗೆ, ಇಳಿಯುವ ಶನಿವಾರದ ರಾತ್ರಿಗೆ ಹೋಟೆಲ್ ಬುಕಿಂಗ್ ಸೇರಿಸಿ.

ಬಾಡಿಗೆಯಲ್ಲಿ ಮೂರು ಬಗೆ. ‘ಬೇರ್‌ಬೋಟ್’ ಎಂದರೆ ಬರೀ ದೋಣಿ, ನಡೆಸುವವರು ನೀವೇ. ಗ್ರೀಸ್‌ನಲ್ಲಿ ಇದಕ್ಕೆ ಪರವಾನಗಿ ಇರುವ ಒಬ್ಬರು, ಜೊತೆಗೆ ಅನುಭವ ಇರುವ ಇನ್ನೊಬ್ಬರು ಬೇಕು. ಎರಡನೆಯದು, ದೋಣಿಯ ಜೊತೆ ಒಬ್ಬ ಸ್ಕಿಪ್ಪರ್, ಎಂದರೆ ಅದನ್ನು ನಡೆಸುವ ನಾವಿಕ. ಮೂರನೆಯದರಲ್ಲಿ ಅಡುಗೆಯವರೂ ಸೇರಿ ಪೂರ್ತಿ ಸಿಬ್ಬಂದಿ ಇರುತ್ತಾರೆ. ಅದು ತುಂಬ ದುಬಾರಿ, ಊಟ ಮತ್ತು ಇಂಧನಕ್ಕೆಂದು ಬಾಡಿಗೆಯ ಮೇಲೆ ಸುಮಾರು ಶೇ 30ರಷ್ಟು ಮುಂಗಡ ಕೇಳುತ್ತಾರೆ. ನಮ್ಮಂಥವರಿಗೆ ಎರಡನೆಯದೇ ಸರಿ. ಹಾಯಿ ಬಿಚ್ಚುವುದು, ಹಗ್ಗ ಎಳೆಯುವುದು, ಚುಕ್ಕಾಣಿ ಹಿಡಿಯುವುದು ಎಲ್ಲವನ್ನೂ ಸ್ಕಿಪ್ಪರ್ ಹೇಳಿಕೊಡುತ್ತಾರೆ. ಕೇಳಬೇಕು ಅಷ್ಟೇ.

ಖರ್ಚಿನ ಅಂದಾಜು ಹೀಗಿಟ್ಟುಕೊಳ್ಳಿ. ಮೂರು ಕೋಣೆಯ, 40 ಅಡಿಯ ಹಾಯಿಯಾಟ್‌ಗೆ ವಾರಕ್ಕೆ 2,000ದಿಂದ 4,500 ಯೂರೊ. ದೋಣಿ ಎಷ್ಟು ಹೊಸದು, ತಿಂಗಳು ಯಾವುದು ಎನ್ನುವುದರ ಮೇಲೆ ಏರಿಳಿತ. ಸ್ಕಿಪ್ಪರ್‌ಗೆ ದಿನಕ್ಕೆ 150ರಿಂದ 250 ಯೂರೊ, ಜೊತೆಗೆ ಅವರ ಊಟ ನಿಮ್ಮದು. ಅವರಿಗೂ ಮಲಗಲು ಒಂದು ಕೋಣೆ ಬಿಡಬೇಕು, ಮರೆಯಬೇಡಿ. ಹಾಗಾಗಿ ಮೂರು ಕೋಣೆಯ ದೋಣಿಯಲ್ಲಿ ಆರಾಮವಾಗಿ ಇರಬಹುದಾದವರು ನಾಲ್ಕೇ ಜನ. ಡೀಸೆಲ್, ಕೊನೆಯ ದಿನದ ಕ್ಲೀನಿಂಗ್ ಬೇರೆ. ಇದೆಲ್ಲದರ ಮೇಲೆ ಒಂದಷ್ಟು ಸಾವಿರ ಯೂರೊ ಡೆಪಾಸಿಟ್, ಅದು ವಾಪಸ್ ಬರುವ ದುಡ್ಡು. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಎರಡು ಒಡಲಿನ ಕ್ಯಾಟಮರಾನ್ ನೋಡಿ. ಅದು ವಾಲುವುದು ಕಡಿಮೆ, ಬಾಡಿಗೆ ಜಾಸ್ತಿ.

ಚೀಲ ತುಂಬುವಾಗ

ಗಟ್ಟಿ ಸೂಟ್‌ಕೇಸ್ ಬೇಡವೇ ಬೇಡ, ಯಾಟ್‌ನಲ್ಲಿ ಅದನ್ನು ಇಡಲು ಜಾಗವಿಲ್ಲ. ಮಡಚಿ ಇಡಬಹುದಾದ ಬಟ್ಟೆಯ ಚೀಲ ತನ್ನಿ. ಬಿಳಿ ಅಡಿಯ ಮೆತ್ತನೆ ಶೂ, ತಲೆಗೆ ಕಟ್ಟಿಕೊಳ್ಳುವಂಥ ಟೋಪಿ, ರಾತ್ರಿಯ ಗಾಳಿಗೆ ಒಂದು ಜಾಕೆಟ್, ವಾಂತಿ ತಡೆಯುವ ಮಾತ್ರೆ. ಮಾತ್ರೆಯನ್ನು ಹೊರಡುವ ಮೊದಲೇ ನುಂಗಬೇಕು, ಹೊಟ್ಟೆ ತೊಳಸಿದ ಮೇಲೆ ಅಲ್ಲ.

ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಖಂಡಿತ ಒಯ್ಯಿರಿ. ತುಪ್ಪ ಬಿಟ್ಟುಹೋಗಿ. ಹೊರದೇಶದ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥ ತರುವುದನ್ನು ಐರೋಪ್ಯ ಒಕ್ಕೂಟ ಒಪ್ಪುವುದಿಲ್ಲ. ಒಲೆ ಗ್ಯಾಸಿನದು, ದೋಣಿ ವಾಲಿದರೆ ಅದೂ ತೂಗಿಕೊಂಡು ಮಟ್ಟವಾಗಿ ನಿಲ್ಲುತ್ತದೆ. ಸಣ್ಣ ಕುಕ್ಕರ್ ನಡೆಯುತ್ತದೆ. ಮಿಕ್ಸಿ ನಡೆಯುವುದಿಲ್ಲ, ಏಕೆಂದರೆ ಮನೆಯಲ್ಲಿರುವಂಥ ಕರೆಂಟು ಸಿಗುವುದು ಬಹುಮಟ್ಟಿಗೆ ಬಂದರಿನಲ್ಲಿ ಮಾತ್ರ. ಸಸ್ಯಾಹಾರಿಗಳಿಗೆ ದಡದ ಊಟದ ಚಿಂತೆ ಬೇಡ. ಅಕ್ಕಿ ತುಂಬಿ ಬೇಯಿಸಿದ ಟೊಮೆಟೊ, ದೊಣ್ಣೆಮೆಣಸಿನ ‘ಗೆಮಿಸ್ತಾ’, ಬೇಳೆ ಅರೆದ ‘ಫಾವಾ’, ದಪ್ಪ ಅವರೆಯಂಥ ಕಾಳಿನ ‘ಗಿಗಾಂತೆಸ್’. ನಮ್ಮ ನಾಲಿಗೆಗೆ ಹತ್ತಿರದ ಊಟವೇ.

ದೋಣಿ ಕೈಗೆ ಸಿಕ್ಕ ಸಂಜೆ

ಹೆಚ್ಚಿನ ಯಾಟ್‌ಗಳು ಹೊರಡುವುದು ಅಥೆನ್ಸ್‌ನ ಅಲಿಮೋಸ್ ಮರೀನಾದಿಂದ, ಎಂದರೆ ಯಾಟ್‌ಗಳನ್ನು ಕಟ್ಟುವ ಬಂದರಿನಿಂದ. ಶನಿವಾರ ಸಂಜೆ ದೋಣಿಯನ್ನು ಒಪ್ಪಿಸುತ್ತಾರೆ. ಈ ಒಂದು ಗಂಟೆಯಲ್ಲಿ ಅವಸರ ಬೇಡ. ಹಾಯಿ ಬಿಚ್ಚಿಸಿ ನೋಡಿ. ಲೈಫ್ ಜಾಕೆಟ್ ಎಣಿಸಿ, ಮಕ್ಕಳ ಅಳತೆಯದು ಇದೆಯೇ ಕೇಳಿ. ವಿಎಚ್‌ಎಫ್ ರೇಡಿಯೊದಲ್ಲಿ ಅಪಾಯದ ಕರೆಗೆ 16ನೇ ಚಾನೆಲ್ ಎಂದು ಎಲ್ಲರಿಗೂ ಹೇಳಿಕೊಡಿ. ಗೀಚು, ಬಿರುಕು ಎಲ್ಲದರ ಫೋಟೊ ತೆಗೆದುಕೊಳ್ಳಿ. ಡಿಂಗಿಯನ್ನು, ಎಂದರೆ ದಡಕ್ಕೆ ಹೋಗುವ ರಬ್ಬರ್ ದೋಣಿಯನ್ನು ಮಗುಚಿ ಅಡಿಯನ್ನೂ ನೋಡಿ. ಅದರ ಅಡಿಯಲ್ಲಿ ಮೊದಲೇ ಇದ್ದ ಒಂದು ತೇಪೆಗೆ ನಮ್ಮ ಡೆಪಾಸಿಟ್‌ನಿಂದ ದುಡ್ಡು ಮುರಿದುಕೊಂಡಿದ್ದರು, ತೋರಿಸಲು ನಮ್ಮಲ್ಲಿ ಫೋಟೊ ಇರಲಿಲ್ಲ.

ಟಾಯ್ಲೆಟ್‌ನ ಕೊಳವೆ ತೀರಾ ಸಣ್ಣದು, ಕಾಗದ ಹಾಕಿದರೆ ಕಟ್ಟಿಕೊಳ್ಳುತ್ತದೆ. ನೀರು ಬಳಸುವ ನಮಗೆ ಇದು ಸಮಸ್ಯೆಯೇ ಅಲ್ಲ, ಅಲ್ವಾ? ಬೇಸಿನ್‌ನ ನಲ್ಲಿಯನ್ನು ಎಳೆದರೆ ಹಲವು ಯಾಟ್‌ಗಳಲ್ಲಿ ಅದೇ ಕೈಶವರ್ ಆಗುತ್ತದೆ. ಸಿಹಿನೀರು ಮಾತ್ರ ಜೋಪಾನ. ಟ್ಯಾಂಕಿನಲ್ಲಿರುವ ಕೆಲವು ನೂರು ಲೀಟರ್ ಎಲ್ಲರಿಗೂ ಸೇರಿದ್ದು.

ದಾರಿ

ಅಲಿಮೋಸ್‌ನಿಂದ ಏಗಿನಾ ದ್ವೀಪಕ್ಕೆ ಸುಮಾರು 17 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್. ಗಂಟೆಗೆ ಐದಾರು ಮೈಲಿ ಸಾಗುವ ಯಾಟ್‌ಗೆ ಮೂರು ಗಂಟೆ ಚಿಲ್ಲರೆ. ಏಗಿನಾದ ಪಿಸ್ತಾ ಹೆಸರುವಾಸಿ, ಬಂದರಿನ ಅಂಗಡಿಗಳಲ್ಲಿ ಚೀಲಗಟ್ಟಲೆ ಸಿಗುತ್ತದೆ. ರಾತ್ರಿಗೆ ದ್ವೀಪದ ತೆಂಕಣ ಮೂಲೆಯ ಪೆರ್ದಿಕಾ ಎಂಬ ಮೀನುಗಾರರ ಹಳ್ಳಿಗೆ ಹೋಗಿ. ಎದುರಿಗೇ ಮೋನಿ ಎಂಬ ಪುಟ್ಟ ದ್ವೀಪ, ಅಲ್ಲಿ ನವಿಲು, ಜಿಂಕೆಗಳು ಓಡಾಡಿಕೊಂಡಿವೆ.

ಮಾರನೆಯ ದಿನ ಪಶ್ಚಿಮಕ್ಕೆ, ಹಳೆಯ ಎಪಿಡಾವ್ರೋಸ್ ಬಂದರಿಗೆ. ಅಲ್ಲಿಂದ ಟ್ಯಾಕ್ಸಿ ಹಿಡಿದರೆ ಕ್ರಿ.ಪೂ. 4ನೇ ಶತಮಾನದ ಬಯಲು ರಂಗಮಂದಿರ. ಎಲ್ಲಕ್ಕಿಂತ ಮೇಲಿನ ಸಾಲಿಗೆ ಹತ್ತಿ ಕೂತು, ಕೆಳಗೆ ನಿಂತವರು ಸುಮ್ನೆ ಮಾತಾಡುವುದನ್ನು ಕೇಳಿ. ಮಂಗಳವಾರ ಪೋರೋಸ್. ದ್ವೀಪಕ್ಕೂ ನೆಲಕ್ಕೂ ನಡುವೆ ಹೊಳೆಯಂಥ ಕಿರಿದಾದ ನೀರು. ಊರಿನ ಮನೆಗಳ ಮುಂದೆಯೇ ಯಾಟ್ ಸಾಗುತ್ತದೆ.

ಬುಧವಾರ ಹೈಡ್ರಾ ದ್ವೀಪ. ಅಲ್ಲಿನವರು ‘ಈದ್ರಾ’ ಎನ್ನುತ್ತಾರೆ. ಊರಿನಲ್ಲಿ ಕಾರು, ಸ್ಕೂಟರ್ ಓಡುವುದಿಲ್ಲ. ಸಾಮಾನು ಹೊರುವುದು ಕತ್ತೆ, ಹೇಸರಗತ್ತೆಗಳು. ಬಂದರಿನ ಸುತ್ತ ಮೆಟ್ಟಿಲುಮೆಟ್ಟಿಲಾಗಿ ನಿಂತಿರುವ ಕಲ್ಲಿನ ದೊಡ್ಡಮನೆಗಳು ಹಿಂದಿನ ಹಡಗು ಮಾಲೀಕರವು. 1821ರ ಗ್ರೀಕ್ ಸ್ವಾತಂತ್ರ್ಯ ಯುದ್ಧಕ್ಕೆ ಹಡಗು ಕೊಟ್ಟ ಊರು ಇದು. ಬಂದರು ಅಂಗೈಯಷ್ಟು, ಬರುವ ಯಾಟ್‌ಗಳು ಹತ್ತಾರು. ಮಧ್ಯಾಹ್ನದೊಳಗೆ ಮುಟ್ಟಿ. ಜಾಗ ಸಿಗದಿದ್ದರೆ ಎದುರಿನ ಎರ್ಮಿಯೋನಿಯಲ್ಲಿ ದೋಣಿ ಕಟ್ಟಿ ಫೆರಿಯಲ್ಲಿ ಬನ್ನಿ. ಇಲ್ಲವೇ ಪಕ್ಕದ ಡೋಕೋಸ್ ದ್ವೀಪದ ಕೊಲ್ಲಿಗೆ ಹೋಗಿ ಲಂಗರು ಹಾಕಿ. ನಾಲ್ಕು ಸಾವಿರ ವರ್ಷಕ್ಕೂ ಹಳೆಯ ಹಡಗೊಂದರ ಮಡಕೆಗಳು 1975ರಲ್ಲಿ ಸಿಕ್ಕಿದ್ದು ಇದೇ ದ್ವೀಪದ ನೀರಿನಡಿ.

ಹೈಡ್ರಾದಿಂದ ಸ್ಪೆಟ್ಸೆಸ್ ದ್ವೀಪವೂ ಹತ್ತಿರವೇ, ಆಸೆಯಾಗುತ್ತದೆ. ವಾರವಷ್ಟೇ ಇದ್ದರೆ ಬಿಟ್ಟುಬಿಡಿ. ಮೆಡಿಟರೇನಿಯನ್ ಬೀಚ್‌ನ ಸೊಗಸು ಇರುವುದು ದ್ವೀಪಗಳ ಪಟ್ಟಿಯಲ್ಲಿ ಅಲ್ಲ. ರಸ್ತೆಯೇ ಇಲ್ಲದ ಕೊಲ್ಲಿಯೊಂದರಲ್ಲಿ ಎಂಜಿನ್ ಆರಿಸಿ, ಏಣಿ ಇಳಿಸಿ, ಇಡೀ ಮಧ್ಯಾಹ್ನ ನೀರಿನಲ್ಲಿ ಕಳೆಯುವುದರಲ್ಲಿ. ಆರು ದ್ವೀಪ ಮುಟ್ಟಬೇಕೆಂದು ಓಡಿದರೆ ಕೈತಪ್ಪುವುದು ಈ ಮಧ್ಯಾಹ್ನಗಳೇ.

ಕಟ್ಟುವುದು, ಲಂಗರು ಹಾಕುವುದು

ನಮ್ಮ ಕಾರವಾರ, ಮಲ್ಪೆಯಲ್ಲಿ ಸಮುದ್ರದ ಉಬ್ಬರ ಇಳಿತ ಕಣ್ಣಿಗೆ ಕಾಣುತ್ತದೆ. ಮೆಡಿಟರೇನಿಯನ್‌ನಲ್ಲಿ ಅದು ಬಹಳ ಕಡಿಮೆ. ಅದಕ್ಕೇ ಇಲ್ಲಿ ಯಾಟ್‌ನ ಹಿಂಬದಿಯನ್ನು ದಕ್ಕೆಗೆ ಕಟ್ಟಿ, ಹಲಗೆ ಇಟ್ಟು, ನಡೆದುಕೊಂಡೇ ಊರಿಗೆ ಇಳಿಯಬಹುದು. ಕ್ರಮ ಹೀಗೆ. ದಕ್ಕೆಯಿಂದ ನಲವತ್ತು, ಐವತ್ತು ಮೀಟರ್ ದೂರದಲ್ಲೇ ಮುಂದಿನ ತುದಿಯಿಂದ ಲಂಗರು ಬಿಡಬೇಕು. ಸರಪಳಿ ಬಿಡುತ್ತಾ ನೇರವಾಗಿ ರಿವರ್ಸ್ ಬರಬೇಕು. ಎರಡೂ ಪಕ್ಕಕ್ಕೆ ಫೆಂಡರ್‌ಗಳನ್ನು, ಎಂದರೆ ಡಿಕ್ಕಿ ತಡೆಯುವ ಮೆತ್ತೆಗಳನ್ನು ಮೊದಲೇ ಇಳಿಬಿಟ್ಟಿರಬೇಕು. ಹಿಂದಿನ ಎರಡು ಮೂಲೆಯಿಂದ ಹಗ್ಗ ಎಸೆದು ಕಟ್ಟಿದ ಮೇಲೆ ಸರಪಳಿಯನ್ನು ಬಿಗಿ ಮಾಡಬೇಕು. ದೋಣಿಗೂ ದಕ್ಕೆಗೂ ನಡುವೆ ಕೈಕಾಲು ಕೊಟ್ಟು ತಡೆಯಲು ಯಾರೂ ಹೋಗಬಾರದು. ಹತ್ತು ಟನ್ ಹತ್ತಿರದ ಭಾರ ಅದು. ಹೈಡ್ರಾದಲ್ಲಿ ನಿಮ್ಮ ಸರಪಳಿಯ ಮೇಲೆ ಇನ್ನೊಬ್ಬರ ಸರಪಳಿ ಬೀಳುವುದು ದಿನನಿತ್ಯದ ಕತೆ. ಬೆಳಿಗ್ಗೆ ಬಿಡಿಸಿಕೊಳ್ಳಲು ಸಮಯ ಇಟ್ಟುಕೊಳ್ಳಿ.

ಬೀಚ್‌ನ ಮುಂದೆ ಲಂಗರು ಹಾಕುವಾಗ ನೀರಿನ ಬಣ್ಣ ನೋಡಿ. ತಿಳಿ ಹಸಿರುನೀಲಿ ಇದ್ದಲ್ಲಿ ಅಡಿಗೆ ಮರಳು. ಕಪ್ಪು ತೇಪೆಯಂತೆ ಕಂಡರೆ ಕಲ್ಲು, ಇಲ್ಲವೇ ಪೊಸಿಡೋನಿಯಾ ಎಂಬ ಕಡಲಹುಲ್ಲು. ಇಲ್ಲಿನ ಜಾತಿಯ ಈ ಹುಲ್ಲು ಬೆಳೆಯುವುದು ಮೆಡಿಟರೇನಿಯನ್‌ನಲ್ಲಿ ಮಾತ್ರ, ಅದೂ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಹಬ್ಬುತ್ತದೆ. ಮೀನಿನ ಮರಿಗಳಿಗೆ ಅದೇ ಆಸರೆ, ಮರಳು ಕೊಚ್ಚಿಹೋಗದಂತೆ ಹಿಡಿದಿಡುವುದೂ ಅದೇ. ಲಂಗರು ಒಮ್ಮೆ ಕಿತ್ತರೆ ಆ ಜಾಗ ತುಂಬಲು ಹತ್ತಾರು ವರ್ಷ ಬೇಕು. ಹುಲ್ಲಿನಲ್ಲಿ ಲಂಗರು ಗಟ್ಟಿಯಾಗಿ ನಿಲ್ಲುವುದೂ ಇಲ್ಲ. ಸ್ಪೇನ್‌ನ ಬಲೆಯಾರಿಕ್ ದ್ವೀಪಗಳಲ್ಲಿ 2018ರಿಂದ ಅದರ ಮೇಲೆ ಲಂಗರು ಹಾಕುವುದಕ್ಕೇ ನಿಷೇಧವಿದೆ. ಕಾನೂನು ಕೇಳಲಿ ಬಿಡಲಿ, ಮರಳು ಹುಡುಕಿ. ಸ್ಕಿಪ್ಪರ್‌ಗೂ ಹೇಳಿ. ಐದು ಮೀಟರ್ ಆಳಕ್ಕೆ 25 ಮೀಟರ್ ಸರಪಳಿ ಬಿಡಿ. ಆಮೇಲೆ ಒಬ್ಬರು ಈಜುಗನ್ನಡಕ ಹಾಕಿಕೊಂಡು ಈಜಿ ಹೋಗಿ, ಲಂಗರು ಮರಳಿನಲ್ಲಿ ಹೂತಿದೆಯೇ ಎಂದು ನೋಡಿ ಬರಲಿ.

ಗುರುವಾರ ಮತ್ತೆ ಏಗಿನಾ ಕಡೆಗೆ ಏರಿ ಬನ್ನಿ. ಶುಕ್ರವಾರ ಸಂಜೆಯೊಳಗೆ ಅಲಿಮೋಸ್‌ನಲ್ಲಿರಬೇಕು, ಡೀಸೆಲ್ ತುಂಬಿಸಬೇಕು, ಶನಿವಾರ ಬೆಳಿಗ್ಗೆ ದೋಣಿ ಖಾಲಿ ಮಾಡಬೇಕು. ಬೇಗ ಎದ್ದರೆ ಶುಕ್ರವಾರ ಬೆಳಿಗ್ಗೆ ಮೋನಿಯ ಮುಂದೆ ಇನ್ನೊಂದು ಸಲ ನೀರಿಗಿಳಿಯಲು ಸಮಯ ಸಿಗುತ್ತದೆ. ಮೈಯ ಉಪ್ಪು ತೊಳೆಯುವಷ್ಟು ಸಿಹಿನೀರನ್ನು ಟ್ಯಾಂಕಿನಲ್ಲಿ ಉಳಿಸಿಕೊಂಡಿರಿ.