ಬ್ರೌಸರಿನಲ್ಲೇ ಫೋಟೊ ತಿದ್ದಲು ಉಚಿತ ಸಾಧನಗಳು: ಯಾವ ಕೆಲಸಕ್ಕೆ ಯಾವುದು?

ಇನ್‌ಸ್ಟಾಲ್ ಮಾಡದೆ ಬ್ರೌಸರಿನಲ್ಲೇ ತೆರೆಯುವ ಫೋಟೊ ಎಡಿಟರ್‌ಗಳೆಲ್ಲ ಮೊದಲ ಪುಟದಲ್ಲಿ 'ಉಚಿತ' ಎಂದೇ ಬರೆದುಕೊಂಡಿರುತ್ತವೆ. ಎಷ್ಟರ ಮಟ್ಟಿಗೆ ಉಚಿತ ಎಂದು ಗೊತ್ತಾಗುವುದು ಕೆಲಸವೆಲ್ಲ ಮುಗಿಸಿ ಡೌನ್‌ಲೋಡ್ ಒತ್ತಿದ ಮೇಲೆ. ಒಂದು ಲಾಗಿನ್ ಕೇಳುತ್ತದೆ, ಇನ್ನೊಂದು ಚಿತ್ರವನ್ನು ಚಿಕ್ಕದು ಮಾಡಿ ಕೊಡುತ್ತದೆ, ಮತ್ತೊಂದು 'ಇವತ್ತಿನ ಸೇವ್ ಮುಗಿಯಿತು' ಎನ್ನುತ್ತದೆ. ಹಾಗಾಗಿ ಹೊಸ ಸಾಧನ ಸಿಕ್ಕಿದಾಗ ಮೊದಲು ಯಾವುದಾದರೂ ಬೇಡದ ಫೋಟೊ ಹಾಕಿ, ಏನನ್ನೂ ತಿದ್ದದೆ ನೇರ ಡೌನ್‌ಲೋಡ್ ಮಾಡಿ ನೋಡಿ. ಹಾಕಿದಷ್ಟೇ ಪಿಕ್ಸೆಲ್ ವಾಪಸ್ ಬಂತೇ, ವಾಟರ್‌ಮಾರ್ಕ್ ಬಿತ್ತೇ ಎಂಬುದು ಎರಡೇ ನಿಮಿಷದಲ್ಲಿ ತಿಳಿಯುತ್ತದೆ.

ಎರಡನೆಯ ಪರೀಕ್ಷೆ ಇನ್ನೂ ಮುಖ್ಯವಾದದ್ದು. ಪುಟ ಪೂರ್ತಿ ತೆರೆದ ಮೇಲೆ ವೈಫೈ ಆಫ್ ಮಾಡಿ, ಆಮೇಲೆ ಫೋಟೊ ತೆರೆದು ಕ್ರಾಪ್ ಮಾಡಿ ಸೇವ್ ಮಾಡಲು ನೋಡಿ. ಕೆಲಸ ನಡೆದರೆ ನಿಮ್ಮ ಫೋಟೊ ನಿಮ್ಮ ಕಂಪ್ಯೂಟರಿನಲ್ಲೇ ಉಳಿದಿದೆ ಎಂದರ್ಥ. ನಿಂತುಹೋದರೆ ಅದು ಬೇರೆ ಯಾರದೋ ಸರ್ವರಿಗೆ ಹೋಗಿ ಬರುತ್ತಿರಬಹುದು. ಫೋಟೊಪೀ, ಸ್ಕ್ವೂಶ್, ಮಿನಿಪೇಂಟ್ ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ. ಕ್ಯಾನ್ವಾ, ಐಲವ್‌ಐಎಂಜಿ, ರಿಮೂವ್ ಬಿಜಿ ಮುಂತಾದವು ಚಿತ್ರವನ್ನು ಅಪ್‌ಲೋಡ್ ಮಾಡಿಸಿಕೊಂಡೇ ಕೆಲಸ ಮಾಡುವಂಥವು. ಜಾತ್ರೆಯ ಫೋಟೊಗೆ ಇದೇನೂ ದೊಡ್ಡ ವಿಷಯವಲ್ಲ, ಆದರೆ ಅಂಕಪಟ್ಟಿ, ಆಧಾರ್, ಸಹಿ ಇರುವ ಫೈಲಿಗೆ ಮೊದಲ ಮೂರನ್ನು ಬಿಟ್ಟು ಆಚೆ ಹೋಗಬೇಡಿ.

ಫೋಟೊಪೀ: ಒಂದನ್ನೇ ಕಲಿಯುವುದಾದರೆ ಇದು

ಫೋಟೊಶಾಪ್ ಕಂಡವರಿಗೆ ಇದು ಹೊಸದೆನಿಸುವುದಿಲ್ಲ. ಅದೇ ಎಡಗಡೆಯ ಟೂಲ್ ಸಾಲು, ಬಲಗಡೆಯ ಲೇಯರ್ (ಒಂದರ ಮೇಲೊಂದು ಕೂರುವ ಪದರ) ಪಟ್ಟಿ, ಬಹುಪಾಲು ಅವೇ ಶಾರ್ಟ್‌ಕಟ್‌ಗಳು. ಇವಾನ್ ಕುಟ್ಸ್ಕಿರ್ ಎಂಬ ಪ್ರೋಗ್ರಾಮರ್ 2013ರಲ್ಲಿ ಬಿಡುಗಡೆ ಮಾಡಿದ್ದು. ಲಾಗಿನ್ ಬೇಕಿಲ್ಲ, ಪಕ್ಕದಲ್ಲಿ ಜಾಹೀರಾತು ಬರುತ್ತದೆ, ಅಷ್ಟೇ. ಫೋಟೊಶಾಪಿನದೇ ಆದ ಪಿಎಸ್‌ಡಿ ಫೈಲನ್ನು ಲೇಯರ್ ಸಮೇತ ತೆರೆದು ಪಿಎಸ್‌ಡಿಯಾಗಿಯೇ ಸೇವ್ ಮಾಡಬಹುದಾದ್ದರಿಂದ ಡಿಟಿಪಿ ಅಂಗಡಿಯವರು ಕಳಿಸಿದ ಆಮಂತ್ರಣದಲ್ಲಿ ಒಂದು ದಿನಾಂಕ ಬದಲಿಸಲು ಮತ್ತೆ ಅಂಗಡಿಗೆ ಓಡಬೇಕಿಲ್ಲ.

ಆದರೆ ಇಲ್ಲೊಂದು ನಮ್ಮದೇ ತೊಡಕಿದೆ. ಕರ್ನಾಟಕದಲ್ಲಿ ಫ್ಲೆಕ್ಸ್, ಲಗ್ನಪತ್ರಿಕೆಯ ಹಳೆಯ ಪಿಎಸ್‌ಡಿಗಳಲ್ಲಿ ಹೆಚ್ಚಿನವು ನುಡಿ ಅಥವಾ ಬರಹದ ಆಸ್ಕಿ ಫಾಂಟಿನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ಆಕಾರ ತೊಡಿಸಿದ ಹಳೆಯ ಫಾಂಟಿನಲ್ಲಿ ಇರುತ್ತವೆ. ಆ ಫಾಂಟ್ ಇಲ್ಲದ ಕಡೆ ಅಕ್ಷರ ತಿದ್ದಲು ಹೋದರೆ 'ಕನ್ನಡ' ಎಂದಿದ್ದ ಜಾಗದಲ್ಲಿ ರೋಮನ್ ಅಕ್ಷರ, ನಡುವೆ ಪೌಂಡ್ ಗುರುತು, ನೆತ್ತಿಯ ಮೇಲೆ ಗೀಟೆಳೆದ ಇಂಗ್ಲಿಷ್ ಎ ಕಾಣುತ್ತವೆ. ಫೈಲ್ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಆ ಫಾಂಟಿನ ಟಿಟಿಎಫ್ ಫೈಲನ್ನು ಎಳೆದು ಫೋಟೊಪೀ ಕಿಟಕಿಯ ಮೇಲೆ ಬಿಟ್ಟರೆ ಅದು ಫಾಂಟ್ ಪಟ್ಟಿಗೆ ಸೇರಿಕೊಂಡು ಅಕ್ಷರ ಸರಿಹೋಗುತ್ತದೆ. ಹೊಸ ಪಠ್ಯ ಸೇರಿಸುವಾಗಲೂ ಎಚ್ಚರ ಬೇಕು. ಆಸ್ಕಿ ಫಾಂಟಿನ ಲೇಯರಿಗೆ ವಾಟ್ಸ್‌ಆ್ಯಪ್‌ನಿಂದ ನಕಲು ಮಾಡಿದ ಯೂನಿಕೋಡ್ ಕನ್ನಡ ಅಂಟಿಸಿದರೆ ಬರೀ ಚೌಕಗಳು ಬೀಳುತ್ತವೆ, ಇಲ್ಲವೇ ಬೇರೆ ಫಾಂಟಿನ ಅಕ್ಷರ ಬರುತ್ತದೆ. ಆ ಸಾಲನ್ನು ಪರಿವರ್ತಕದಲ್ಲಿ ಆಸ್ಕಿಗೆ ತಿರುಗಿಸಿಕೊಳ್ಳಿ. ಅದಕ್ಕಿಂತ ಸಲೀಸು ದಾರಿ, ಆ ಒಂದು ಸಾಲಿಗೆ ಬೇರೆ ಲೇಯರ್ ಮಾಡಿ ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡದಂಥ ಯೂನಿಕೋಡ್ ಫಾಂಟ್ ಹಾಕುವುದು.

ಕನ್ನಡ ಬರೆಯುವ ಯಾವ ಸಾಧನದಲ್ಲೇ ಆಗಲಿ, ಮೊದಲು 'ಸ್ತ್ರೀ, ವರ್ಷ, ಕ್ಷೇತ್ರ, ಸಂಸ್ಕೃತಿ' ಎಂದು ಬರೆದು ನೋಡಿ. ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಸರಿದರೆ, 'ವರ್ಷ'ದ ಅರ್ಕಾವತ್ತು ಷಕಾರದ ಬಲಕ್ಕೆ ಬರದೆ ಎಡಕ್ಕೇ ಉಳಿದರೆ, ಆ ಫಾಂಟ್ ಅಥವಾ ಆ ಸಾಧನ ಕನ್ನಡಕ್ಕೆ ಲಾಯಕ್ಕಿಲ್ಲ. ಮೊದಲು ಫಾಂಟ್ ಬದಲಿಸಿ, ಆಗಲೂ ಆಗದಿದ್ದರೆ ಸಾಧನ ಬದಲಿಸಿ.

ಅರ್ಜಿಗೆ ಫೋಟೊ, ಸಹಿ

ಹೆಚ್ಚಿನವರು ಇಂಥ ಸಾಧನ ಹುಡುಕುವುದೇ ಇದಕ್ಕಾಗಿ. ಬ್ಯಾಂಕ್ ಪರೀಕ್ಷೆಗಳ ಐಬಿಪಿಎಸ್ ಅರ್ಜಿಯನ್ನೇ ತೆಗೆದುಕೊಳ್ಳೋಣ. ಫೋಟೊ 200×230 ಪಿಕ್ಸೆಲ್, 20ರಿಂದ 50 ಕೆಬಿ; ಸಹಿ 140×60 ಪಿಕ್ಸೆಲ್, 10ರಿಂದ 20 ಕೆಬಿ. ಬೇರೆ ಅರ್ಜಿಗಳಲ್ಲಿ ಅಂಕಿ ಬೇರೆ ಇರುತ್ತದೆ, ಆಯಾ ಅಧಿಸೂಚನೆ ನೋಡಿಕೊಳ್ಳಿ. ಮಾಡುವ ಕ್ರಮ ಒಂದೇ.

ಮೊದಲು ಫೋಟೊಪೀಯಲ್ಲಿ ಚಿತ್ರ ತೆರೆದು ಕ್ರಾಪ್ ಟೂಲ್ ತೆಗೆದುಕೊಳ್ಳಿ. ಕೀಬೋರ್ಡಿನಲ್ಲಿ ಸಿ ಒತ್ತಿದರೆ ಸಾಕು. ಮೇಲಿನ ಪಟ್ಟಿಯಲ್ಲಿ ಫಿಕ್ಸ್ಡ್ ರೇಶಿಯೊ ಆರಿಸಿ 200, 230 ತುಂಬಿ. ತಲೆ, ಭುಜ ಚೌಕಟ್ಟಿನೊಳಗೆ ಬರುವಂತೆ ಕೂರಿಸಿ ಎಂಟರ್ ಒತ್ತಿ. ನಂತರ ಇಮೇಜ್ ಮೆನುವಿನ ಇಮೇಜ್ ಸೈಜ್‌ನಲ್ಲಿ ಅಗಲಕ್ಕೆ 200 ಕೊಟ್ಟರೆ ಎತ್ತರ ತಾನಾಗಿ 230ಕ್ಕೆ ಬರುತ್ತದೆ. ಕ್ರಾಪ್ ಮಾಡದೆ ನೇರವಾಗಿ ಇಮೇಜ್ ಸೈಜ್‌ನಲ್ಲಿ ಎರಡೂ ಅಂಕಿ ತುಂಬಿದರೆ ಮುಖ ಜಗ್ಗಿ ಉದ್ದವೋ ಅಗಲವೋ ಆಗುತ್ತದೆ. ಅರ್ಜಿ ತಿರಸ್ಕಾರವಾಗಲು ಅಷ್ಟೇ ಸಾಕು. ಕೊನೆಗೆ ಫೈಲ್, ಎಕ್ಸ್‌ಪೋರ್ಟ್ ಆ್ಯಸ್, ಜೆಪಿಜಿ. ಕ್ವಾಲಿಟಿ ಗುಂಡಿ ಸರಿಸಿದಂತೆ ಫೈಲಿನ ಗಾತ್ರ ಅಲ್ಲೇ ಕಾಣುತ್ತದೆ.

ಇಲ್ಲಿ ಜನ ಎಡವುವುದು ಫೈಲ್ ದೊಡ್ಡದಾಗಿ ಅಲ್ಲ, ಚಿಕ್ಕದಾಗಿ. 200×230ರ ಚಿತ್ರವನ್ನು 70ರ ಕ್ವಾಲಿಟಿಯಲ್ಲಿ ಉಳಿಸಿದರೆ ಎಷ್ಟೋ ಸಲ 20 ಕೆಬಿಯೂ ಆಗುವುದಿಲ್ಲ, ಪೋರ್ಟಲ್ ತಗೊಳ್ಳುವುದಿಲ್ಲ. ಕ್ವಾಲಿಟಿಯನ್ನು 95ರ ಆಸುಪಾಸಿಗೆ ಏರಿಸಿ. ಸಹಿಯದ್ದು ಇನ್ನೂ ಕಷ್ಟ: ಬಿಳಿ ಹಾಳೆಯ ಮೇಲೆ ನಾಲ್ಕು ಗೀಟು, ನೂರಕ್ಕೆ ನೂರು ಇಟ್ಟರೂ 10 ಕೆಬಿ ಮುಟ್ಟದೆ ಇರಬಹುದು. ಅಳತೆಯ ಮುಂದೆ 'ಆದ್ಯತೆ' ಎಂದಷ್ಟೇ ಬರೆದಿದ್ದರೆ ಅದೇ ಅನುಪಾತದಲ್ಲಿ 280×120 ಮಾಡಿ. ಪಿಕ್ಸೆಲ್ ನಾಲ್ಕು ಪಟ್ಟಾಗುವುದರಿಂದ ಗಾತ್ರ ಏರುತ್ತದೆ. ಸಹಿಯ ಹಿನ್ನೆಲೆ ಬೂದು ಬಣ್ಣಕ್ಕಿದ್ದರೆ ಕಂಟ್ರೋಲ್+ಎಲ್ ಒತ್ತಿ ಲೆವೆಲ್ಸ್ ತೆರೆದು, ಬಲತುದಿಯ ಬಿಳಿ ಗುಂಡಿಯನ್ನು ಹಾಳೆ ಬೆಳ್ಳಗಾಗುವವರೆಗೆ ಎಡಕ್ಕೆ ತನ್ನಿ. ಗೀಟು ತೆಳ್ಳಗಾಗಿ ಒಡೆಯತೊಡಗಿದರೆ ಸ್ವಲ್ಪ ಹಿಂದಕ್ಕೆ ಬಿಡಿ.

ಗರಿಷ್ಠ ಮಿತಿಗೆ ತೀರಾ ಹತ್ತಿರ ಹೋಗುವುದೂ ಬೇಡ. ಕೆಲವು ಸಾಧನ 1000 ಬೈಟಿಗೆ ಒಂದು ಕೆಬಿ ಎಂದು ಲೆಕ್ಕ ಹಾಕುತ್ತವೆ, ವಿಂಡೋಸ್ 1024ಕ್ಕೆ ಹಾಕುತ್ತದೆ. 50 ಇದ್ದರೆ 45ಕ್ಕೆ ನಿಲ್ಲಿಸಿ. ಇನ್ನು ಡಿಪಿಐ, ಅಂದರೆ ಒಂದಿಂಚಿಗೆ ಎಷ್ಟು ಚುಕ್ಕಿ ಎಂಬ ಲೆಕ್ಕ: ಪಿಕ್ಸೆಲ್ ಅಳತೆ ಸರಿಯಿದ್ದ ಮೇಲೆ ಡಿಪಿಐ ಅಂಕಿಯನ್ನು 72 ಮಾಡಿದರೂ 300 ಮಾಡಿದರೂ ಪರದೆಯ ಮೇಲೆ ಒಂದು ಚುಕ್ಕಿಯೂ ಬದಲಾಗದು. ಅದು ಬೇಕಾಗುವುದು ಮುದ್ರಣಕ್ಕೆ.

ಐಫೋನಿನಿಂದ ಬಂದ ಎಚ್‌ಇಐಸಿ ಫೈಲಿನ ಹೆಸರನ್ನು ಜೆಪಿಜಿ ಎಂದು ಬದಲಿಸಿದ ಮಾತ್ರಕ್ಕೆ ಅದು ಜೆಪಿಜಿ ಆಗುವುದಿಲ್ಲ. ಫೋನಿನ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ನಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿ ಫೋಟೊ ಹೊಸದಾಗಿ ತೆಗೆಯುವುದು ನೇರ ದಾರಿ.

ಬರೀ ಗಾತ್ರ ಇಳಿಸುವುದಷ್ಟೇ ಇದ್ದರೆ ಸ್ಕ್ವೂಶ್ ಸಾಕು. ಗೂಗಲ್ ಕ್ರೋಮ್ ತಂಡ 2018ರಲ್ಲಿ ಹೊರತಂದ ಸಾಧನ. ನಡುವೆ ಒಂದು ಗೆರೆ, ಎಡಕ್ಕೆ ಮೂಲ, ಬಲಕ್ಕೆ ಕುಗ್ಗಿಸಿದ್ದು. ಗೆರೆ ಎಳೆದಾಡಿ ಕಣ್ಣು, ಕೂದಲಿನ ಹತ್ತಿರ ಹೋಲಿಸಿ ನೋಡಬಹುದು. ಮೊಜ್‌ಜೆಪೆಗ್ ಆರಿಸಿದರೆ ಸಾಮಾನ್ಯ ಜೆಪಿಜಿಯೇ ಬರುತ್ತದೆ. ವೆಬ್‌ಪಿ, ಎವಿಐಎಫ್ ಇನ್ನೂ ಚಿಕ್ಕದಾಗುತ್ತವೆ, ಆದರೆ ಅರ್ಜಿ ಪೋರ್ಟಲ್‌ಗಳಿಗೆ ಬೇಡ. ಒಂದು ಸಲಕ್ಕೆ ಒಂದೇ ಚಿತ್ರ ಎಂಬುದು ಇದರ ಕೊರತೆ.

ಹಿನ್ನೆಲೆ ತೆಗೆಯುವುದು, ಪಾಸ್‌ಪೋರ್ಟ್ ಅಳತೆ

ಕ್ಯಾನ್ವಾದಲ್ಲಿ ಹಿನ್ನೆಲೆ ತೆಗೆಯುವ ಸೌಲಭ್ಯ ಇರುವುದು ಪ್ರೊ ಖಾತೆಗೆ. ರಿಮೂವ್ ಬಿಜಿ ಉಚಿತವಾಗಿ ತೆಗೆಯುತ್ತದೆ, ಆದರೆ ಬಿಟ್ಟಿಯಾಗಿ ಕೈಗೆ ಕೊಡುವುದು 0.25 ಮೆಗಾಪಿಕ್ಸೆಲ್‌ವರೆಗಿನ ಚಿತ್ರ. ಇದನ್ನು ನೋಡಿ ಹಲವರು ಬಿಟ್ಟುಬಿಡುತ್ತಾರೆ. ಸ್ವಲ್ಪ ಲೆಕ್ಕ ಹಾಕಿ: ನಮ್ಮ ಸ್ಟುಡಿಯೊಗಳ 3.5×4.5 ಸೆಂಮೀ ಫೋಟೊ 300 ಡಿಪಿಐನಲ್ಲಿ 413×531 ಪಿಕ್ಸೆಲ್, ಅಂದರೆ ಸುಮಾರು 2,19,000 ಪಿಕ್ಸೆಲ್. ಮಿತಿ 2,50,000. ಒಳಗೇ ಬಂತು! ಆದರೆ ಕ್ರಮ ತಪ್ಪಬಾರದು. ಫೋಟೊಪೀಯಲ್ಲಿ ಮೊದಲು 35:45 ಅನುಪಾತಕ್ಕೆ ಕ್ರಾಪ್ ಮಾಡಿ, ಆಮೇಲೆ ಅಪ್‌ಲೋಡ್ ಮಾಡಿ. ಗೋಡೆ, ಕಿಟಕಿ ಸಮೇತ ಇಡೀ ಫೋಟೊ ಹಾಕಿದರೆ ಇರುವಷ್ಟು ಪಿಕ್ಸೆಲ್ ಅವುಗಳ ಪಾಲಾಗಿ ಮುಖಕ್ಕೆ ಉಳಿಯುವುದು ಅಂಗೈಯಗಲ.

ಬಂದ ಪಿಎನ್‌ಜಿಯನ್ನು ಮತ್ತೆ ಫೋಟೊಪೀಗೆ ತಂದು, ಇಮೇಜ್ ಸೈಜ್‌ನಲ್ಲಿ 413×531 ಮಾಡಿಕೊಂಡು ಕೆಳಗೊಂದು ಬಿಳಿ ಲೇಯರ್ ಹಾಕಿ. ಕೂದಲಿನ ಅಂಚಿನಲ್ಲಿ ಹಳೆಯ ಗೋಡೆಯ ಬಣ್ಣ ತೆಳುವಾಗಿ ಉಳಿದಿರುತ್ತದೆ. ಕಂಟ್ರೋಲ್ ಒತ್ತಿಕೊಂಡು ಲೇಯರಿನ ಪುಟ್ಟ ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಆಕೃತಿ ಸೆಲೆಕ್ಟ್ ಆಗುತ್ತದೆ. ಸೆಲೆಕ್ಟ್, ಮಾಡಿಫೈ, ಕಾಂಟ್ರ್ಯಾಕ್ಟ್‌ನಲ್ಲಿ 1 ಪಿಕ್ಸೆಲ್ ಕೊಟ್ಟು ಮಾಸ್ಕ್ (ಸೆಲೆಕ್ಟ್ ಆಗದ ಭಾಗವನ್ನು ಮರೆಮಾಡುವ ಮುಸುಕು) ಹಾಕಿ. ಬಿಳಿ ಅಂಗಿ ತೊಟ್ಟು ಬಿಳಿ ಗೋಡೆಗೆ ನಿಂತಿದ್ದರೆ ಭುಜದ ಒಂದು ತುಂಡೇ ಹಾರಿಹೋಗಿರುತ್ತದೆ. ಅದನ್ನು ಸರಿಪಡಿಸುತ್ತಾ ಕೂರುವ ಬದಲು ಬಣ್ಣದ ಅಂಗಿ ಹಾಕಿ ಇನ್ನೊಂದು ಫೋಟೊ ತೆಗೆಯಿರಿ.

ಪ್ರಿಂಟಿಗೆ 1800×1200 ಪಿಕ್ಸೆಲ್, 300 ಡಿಪಿಐನ ಹೊಸ ಫೈಲ್ ಮಾಡಿ. ಇದು 6×4 ಇಂಚಿನ ಹಾಳೆ. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಎರಡು, ಒಟ್ಟು ಎಂಟು ಫೋಟೊ ಕೂರುತ್ತವೆ. ಮೂವ್ ಟೂಲ್‌ನಲ್ಲಿ ಆಲ್ಟ್ ಒತ್ತಿ ಎಳೆದರೆ ನಕಲಾಗುತ್ತದೆ. ಮೊದಲ ಫೋಟೊಗೇ ಲೇಯರ್ ಸ್ಟೈಲ್‌ನಲ್ಲಿ ಬೂದು ಬಣ್ಣದ 1 ಪಿಕ್ಸೆಲ್ ಸ್ಟ್ರೋಕ್ ಅನ್ನು ಒಳಮುಖವಾಗಿ ಕೊಟ್ಟಿದ್ದರೆ ಕತ್ತರಿಸುವಾಗ ಅಂಚು ಕಾಣುತ್ತದೆ. ಲ್ಯಾಬಿನಲ್ಲಿ ಬಾರ್ಡರ್‌ಲೆಸ್ ಎಂದು ಒತ್ತಿದರೆ ಚಿತ್ರ ತುಸು ಹಿಗ್ಗಬಹುದು. ಮೊದಲ ಹಾಳೆಯ ಮೇಲೆ ಸ್ಕೇಲ್ ಇಟ್ಟು ಅಗಲ 35 ಮಿಮೀ ಇದೆಯೇ ನೋಡಿ, ಆಮೇಲೆ ಉಳಿದದ್ದು ಹೊಡೆಸಿ.

ಕ್ಯಾನ್ವಾ ಮತ್ತು ಉಳಿದವು

ಶುಭಾಶಯ, ಆಮಂತ್ರಣ, ಅಂಗಡಿಯ ಪೋಸ್ಟರಿಗೆ ಕ್ಯಾನ್ವಾದಷ್ಟು ಬೇಗ ಕೆಲಸ ಮುಗಿಸುವುದು ಇನ್ನೊಂದಿಲ್ಲ. ಹಾಗೆಂದು ಅದನ್ನು ಫೋಟೊ ಎಡಿಟರ್ ಎಂದು ನಂಬಿ ಹೋಗಬೇಡಿ. ಅದು ಪೋಸ್ಟರ್ ಕಟ್ಟುವ ಸಾಧನ. ಉಚಿತ ಖಾತೆಯಲ್ಲಿ ನಿಮ್ಮ ಫಾಂಟ್ ಹಾಕಲಾಗುವುದಿಲ್ಲ, ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಸಿಗುವುದಿಲ್ಲ, ಮುದ್ರಣದ ನಾಲ್ಕು ಬಣ್ಣದ ಕ್ರಮವಾದ ಸಿಎಂವೈಕೆಯ ಪಿಡಿಎಫ್ ಕೂಡ ಇಲ್ಲ. ಟೆಂಪ್ಲೇಟ್ ಆರಿಸುವಾಗ ಕಿರೀಟದ ಗುರುತಿದ್ದರೆ ಅದು ಪ್ರೊ. ಅದರಲ್ಲಿ ಎಲ್ಲ ಬರೆದು ಮುಗಿಸಿದ ಮೇಲೆ ದುಡ್ಡು ಕೇಳುತ್ತದೆ.

ಕನ್ನಡ ಬರೆಯುವಾಗ ಇಲ್ಲಿ ಎರಡು ಸೆಟ್ಟಿಂಗ್ ಮುಟ್ಟಲೇಬೇಕು. ಲೆಟರ್ ಸ್ಪೇಸಿಂಗ್ ಸೊನ್ನೆಗೆ ತನ್ನಿ. ಇಂಗ್ಲಿಷ್ ಶೀರ್ಷಿಕೆಗೆ ಹಿಗ್ಗಿಸಿಟ್ಟ ಟೆಂಪ್ಲೇಟಿನಲ್ಲಿ ಕನ್ನಡ ಹಾಕಿದರೆ ಪದಗಳು ಬಿಡಿಬಿಡಿಯಾಗಿ ಉದುರಿದಂತೆ ಕಾಣುತ್ತವೆ. ಲೈನ್ ಸ್ಪೇಸಿಂಗ್ 1.3ಕ್ಕಿಂತ ಕಡಿಮೆ ಬೇಡ. ಮೇಲಿನ ಸಾಲಿನ 'ಸ್ತ್ರ'ದ ಒತ್ತು ಕೆಳಗಿನ ಸಾಲಿನ 'ಕೀ'ಯ ಗುಡಿಸಿಗೆ ಬಡಿಯುತ್ತದೆ.

ಪಿಕ್ಸ್‌ಲರ್ ನೋಡಲು ಚೆಂದ, ಆದರೆ ಉಚಿತ ಖಾತೆಗೆ ದಿನದ ಸೇವ್ ಮಿತಿ ಇರುವುದರಿಂದ ಹತ್ತಾರು ಫೋಟೊ ಇದ್ದರೆ ನಡುವೆ ಕೈಕೊಡುತ್ತದೆ. ಮಿನಿಪೇಂಟ್ ಮುಕ್ತ ತಂತ್ರಾಂಶ. ಹಗುರ, ಲಾಗಿನ್ ಇಲ್ಲ, ಲೇಯರ್ ಇದೆ, ಪಿಎಸ್‌ಡಿ ಇಲ್ಲ. ಶಾಲೆಯ ಹಳೆ ಕಂಪ್ಯೂಟರಿಗೆ ಇದೇ ವಾಸಿ.

ಬ್ರೌಸರ್ ದಿಢೀರ್ ನಿಂತುಹೋದರೆ ಸಾಧನವನ್ನು ಬೈಯುವ ಮೊದಲು ಮೆಮೊರಿ ನೋಡಿ. 4000×3000ರ ಒಂದು ಫೋಟೊ ತೆರೆದಾಗ ಪಿಕ್ಸೆಲಿಗೆ 4 ಬೈಟಿನಂತೆ 48 ಎಂಬಿ ಹಿಡಿಯುತ್ತದೆ, ಹತ್ತು ಲೇಯರ್ ಆದರೆ 480. ಜೆಪಿಜಿ 3 ಎಂಬಿ ಇದ್ದರೂ ಲೆಕ್ಕ ಇದೇ. 4 ಜಿಬಿ ರ‍್ಯಾಮಿನ ಲ್ಯಾಪ್‌ಟಾಪಿನಲ್ಲಿ ಬೇರೆ ಟ್ಯಾಬ್ ಮುಚ್ಚಿ, ಆಗಾಗ ಪಿಎಸ್‌ಡಿ ಸೇವ್ ಮಾಡಿ. ಟ್ಯಾಬ್ ರಿಫ್ರೆಶ್ ಆದರೆ ಸೇವ್ ಮಾಡದ ಕೆಲಸ ಸಿಗುತ್ತದೆಂದು ನಂಬಿ ಕೂರುವ ಹಾಗಿಲ್ಲ. ಮುಗಿದ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಕಳಿಸಿದರೆ ಅದು ಮತ್ತೊಮ್ಮೆ ಕುಗ್ಗಿಸುತ್ತದೆ, ನೀವು ಕೂತು ಹೊಂದಿಸಿದ ಅಳತೆಯೆಲ್ಲ ಹೋಗುತ್ತದೆ.

ಆಧಾರ್ ಕಳಿಸುವಾಗ ಸಂಖ್ಯೆ ಮುಚ್ಚಬೇಕೆಂದರೆ ಬ್ಲರ್ ಬೇಡ, ಅರೆಪಾರದರ್ಶಕ ಬ್ರಶ್ಶೂ ಬೇಡ. ಬ್ರೈಟ್‌ನೆಸ್ ಏರಿಸಿದರೆ ಕೆಳಗಿನ ಅಂಕಿ ಇಣುಕುತ್ತದೆ. ರೆಕ್ಟ್ಯಾಂಗಲ್ ಟೂಲಿನಿಂದ ಗಟ್ಟಿ ಕಪ್ಪು ಚೌಕ ಎಳೆದು ಜೆಪಿಜಿಯಾಗಿ ಎಕ್ಸ್‌ಪೋರ್ಟ್ ಮಾಡಿ, ಪಿಎಸ್‌ಡಿ ಕಳಿಸಬೇಡಿ. ಕ್ಯುಆರ್ ಕೋಡನ್ನೂ ಮುಚ್ಚಿ, ಅದರೊಳಗೆ ನಿಮ್ಮ ಹೆಸರು, ವಿಳಾಸ ಇರುತ್ತವೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಯುಐಡಿಎಐ ತಾಣದಲ್ಲೇ ಸಿಗುತ್ತದೆ. ಅದನ್ನು ಇಳಿಸಿಕೊಂಡರೆ ಸಂಖ್ಯೆ ಮುಚ್ಚುವ ಕೆಲಸವೇ ಇರುವುದಿಲ್ಲ.