ಮಾಲ್‌ನ ದೊಡ್ಡಂಗಡಿ ಬಾಗಿಲು ಹಾಕಿದಾಗ: ಕರಾರಿನಿಂದ ಕಟ್ಟಡದವರೆಗೆ

ದೊಡ್ಡಂಗಡಿ ಮುಚ್ಚುತ್ತದೆ ಎಂಬ ಪತ್ರ ಬಂದ ದಿನ ನಾನು ಮೊದಲು ತೆಗೆಯುವುದು ಕರಾರುಗಳ ಕಡತ. ನಕ್ಷೆ, ಗುತ್ತಿಗೆದಾರ, ಹೊಸ ಬಾಡಿಗೆದಾರ ಎಲ್ಲ ಆಮೇಲೆ. ಅಮೆರಿಕದ ಮಾಲ್‌ಗಳಲ್ಲಿ ಡಿಪಾರ್ಟ್‌ಮೆಂಟ್ ಸ್ಟೋರ್ ಖಾಲಿಯಾದಾಗ ಮಾಲೀಕರಿಗೆ ಬೀಳುವ ದೊಡ್ಡ ಪೆಟ್ಟು ಬರುವುದು ಸುತ್ತಲಿನ ಸಣ್ಣ ಅಂಗಡಿಗಳ ಲೀಸ್‌ನಲ್ಲಿ ಎಂದೋ ಬರೆದಿಟ್ಟ ಒಂದೆರಡು ಸಾಲುಗಳಿಂದ. ಕಟ್ಟಡ ನೋಡಿಕೊಳ್ಳುವವರು ಇದನ್ನು ವಕೀಲರ ಕೆಲಸ ಎಂದು ಬಿಟ್ಟುಬಿಡುತ್ತಾರೆ. ಬಿಡಬಾರದು. ಬೆಂಗಳೂರಿನಲ್ಲಿ ಕೂತು ಅಮೆರಿಕದ ಲೀಸ್‌ಗಳ ಸಾರಾಂಶ ತಯಾರಿಸುವ ಕನ್ನಡಿಗರೂ ಇದ್ದಾರೆ. ಆ ಸಾರಾಂಶದ ಯಾವ ಕಾಲಂ ಇಲ್ಲಿ ಎಷ್ಟು ಮುಖ್ಯ ಎಂಬುದು ಅವರಿಗೂ ತಿಳಿಯಲಿ ಎಂದು ವಿವರವಾಗಿ ಬರೆಯುತ್ತಿದ್ದೇನೆ.

ಈ ಕರಾರುಗಳು ಹೀಗೇಕಿವೆ ಎಂದು ತಿಳಿಯಲು 1956ಕ್ಕೆ ಹೋಗಬೇಕು. ಮಿನ್ನೆಸೋಟದ ಇಡೈನಾದಲ್ಲಿ ವಿಕ್ಟರ್ ಗ್ರೂಯೆನ್ ವಿನ್ಯಾಸ ಮಾಡಿದ ಸೌತ್‌ಡೇಲ್ ಮಾಲ್ ಆ ವರ್ಷ ಶುರುವಾಯಿತು. ಪೂರ್ತಿ ಮುಚ್ಚಿದ, ಚಳಿ-ಸೆಕೆ ತಟ್ಟದ ಮೊದಲ ಮಾಲ್ ಅದು. ಡೇಟನ್ಸ್, ಡೊನಾಲ್ಡ್‌ಸನ್ಸ್ ಎಂಬ ಎರಡು ದೊಡ್ಡಂಗಡಿಗಳು ಅದರ ಆಧಾರ. ಒಂದರಿಂದ ಇನ್ನೊಂದಕ್ಕೆ ನಡೆಯುವ ಜನ ನಡುವಿನ ಸಣ್ಣ ಅಂಗಡಿಗಳ ಮುಂದೆ ಹಾದುಹೋಗಲೇಬೇಕು. ಜನರನ್ನು ಕರೆತರುವ ಈ ಕೆಲಸಕ್ಕಾಗಿಯೇ ದೊಡ್ಡಂಗಡಿಗಳಿಗೆ ನೆಲ ಅಗ್ಗಕ್ಕೆ ಸಿಕ್ಕಿತು, ಬಾಡಿಗೆ ನಾಮಮಾತ್ರಕ್ಕೆ ನಿಂತಿತು. ಮಾಲ್‌ನ ಆದಾಯದ ಬಹುಪಾಲು ಸಣ್ಣ ಅಂಗಡಿಗಳಿಂದಲೇ. ದೊಡ್ಡದಕ್ಕೆ ಜನ ಬರುವುದು ನಿಂತರೆ ಈ ಲೆಕ್ಕ ಬುಡಮೇಲಾಗುತ್ತದೆ.

ಆನ್‌ಲೈನ್ ವ್ಯಾಪಾರವೇ ದೊಡ್ಡಂಗಡಿಗಳನ್ನು ಮುಗಿಸಿತು ಎನ್ನುವವರ ಮಾತು ಅರ್ಧ ಮಾತ್ರ ಸರಿ. ಅಗ್ಗದ ದರದ ವಾಲ್‌ಮಾರ್ಟ್, ಟಾರ್ಗೆಟ್, ಕೆಮಾರ್ಟ್ ಮೂರೂ ಶುರುವಾದದ್ದು 1962ರಲ್ಲಿ, ಆನ್‌ಲೈನ್‌ಗೆ ಬಹಳ ಮೊದಲೇ. ಗೃಹೋಪಯೋಗಿ ಯಂತ್ರಗಳು ಹೋಮ್ ಡಿಪೋ, ಬೆಸ್ಟ್ ಬೈಗಳಿಗೆ ಹೋದವು, ಬಟ್ಟೆ ಟಿ.ಜೆ. ಮ್ಯಾಕ್ಸ್‌ಗೆ ಹೋಯಿತು. ದೊಡ್ಡಂಗಡಿಗಳ ಪೈಕಿ ಸಿಯರ್ಸ್ ತನ್ನ ದಪ್ಪ ಕ್ಯಾಟಲಾಗನ್ನು 1993ರಲ್ಲಿ ನಿಲ್ಲಿಸಿತು. ಜೆಸಿಪೆನ್ನಿ 2012ರಲ್ಲಿ ಕೂಪನ್‌ಗಳನ್ನು ತೆಗೆದು ಒಂದೇ ವರ್ಷದಲ್ಲಿ ಸುಮಾರು ಕಾಲು ಭಾಗ ವ್ಯಾಪಾರ ಕಳೆದುಕೊಂಡಿತು. ಆಮೇಲೆ ದಿವಾಳಿ ಅರ್ಜಿಗಳ ಸಾಲು: 2018ರ ಫೆಬ್ರವರಿಯಲ್ಲಿ ಬಾನ್‌ಟನ್, ಅಕ್ಟೋಬರ್‌ನಲ್ಲಿ ಸಿಯರ್ಸ್, 2020ರ ಮೇನಲ್ಲಿ ಜೆಸಿಪೆನ್ನಿ, ಆಗಸ್ಟ್‌ನಲ್ಲಿ ಲಾರ್ಡ್ ಅಂಡ್ ಟೇಲರ್. ಮೇಸೀಸ್ 2026ರೊಳಗೆ ಸುಮಾರು 150 ಮಳಿಗೆಗಳನ್ನು ಮುಚ್ಚುವುದಾಗಿ 2024ರಲ್ಲಿ ಹೇಳಿತು.

ಮುಚ್ಚುವ ಪತ್ರ ಬರುವ ಮೊದಲೇ ಕಟ್ಟಡ ಸುಳಿವು ಕೊಡುತ್ತದೆ. ಕೆಟ್ಟ ಎಸ್ಕಲೇಟರ್‌ಗೆ ಹಲಗೆ ಹೊಡೆದು ತಿಂಗಳುಗಟ್ಟಲೆ ಬಿಡುತ್ತಾರೆ. ಮೇಲಿನ ಮಹಡಿಯ ಹಿಂಭಾಗಕ್ಕೆ ಪರದೆ ಬೀಳುತ್ತದೆ. ಚಾವಣಿ ಸೋರಿದರೆ ರಿಪೇರಿಯ ಬದಲು ಬಕೆಟ್ ಬರುತ್ತದೆ. ಬಿಲ್ ಮಾಡುವ ಕೌಂಟರ್‌ಗಳನ್ನು ಎರಡಕ್ಕೆ ಇಳಿಸುತ್ತಾರೆ. ನಾನು ಹೆಚ್ಚು ನಂಬುವುದು ಲೋಡಿಂಗ್ ಡಾಕ್ ಅನ್ನು: ವಾರಕ್ಕೆ ಐದು ಲಾರಿ ಬರುತ್ತಿದ್ದ ಕಡೆ ಎರಡು ಬರತೊಡಗಿದರೆ ಸರಕು ಕೊಡುವವರು ಸಾಲ ನಿಲ್ಲಿಸಿದ್ದಾರೆ ಎಂದೇ ಅರ್ಥ. ಆ ಹೊತ್ತಿಗೇ ಕರಾರುಗಳನ್ನು ಓದಲು ಕೂರಬೇಕು.

ಓದಬೇಕಾದದ್ದು ಮೂರು. ದೊಡ್ಡಂಗಡಿಯ ಲೀಸ್ (ಅಥವಾ ಕಟ್ಟಡ ಅವರದೇ ಆಗಿದ್ದರೆ ಕ್ರಯಪತ್ರ), ಆರ್‌ಇಎ ಎಂದು ಕರೆಯುವ ಪರಸ್ಪರ ಹಕ್ಕುಗಳ ಒಪ್ಪಂದ, ಮತ್ತು ಪ್ರತಿ ಸಣ್ಣ ಅಂಗಡಿಯ ಲೀಸ್‌ನಲ್ಲಿರುವ ಕೋ-ಟೆನೆನ್ಸಿ ಕಲಮು. ಮೂರನೆಯದು ಅತಿ ಮುಖ್ಯ. ಇಂಥ ದೊಡ್ಡಂಗಡಿ ತೆರೆದಿಲ್ಲದಿದ್ದರೆ ನಾನು ಪೂರ್ತಿ ಬಾಡಿಗೆ ಕೊಡುವುದಿಲ್ಲ, ವ್ಯಾಪಾರದ ಇಷ್ಟು ಶೇಕಡಾ ಮಾತ್ರ ಕೊಡುತ್ತೇನೆ ಎಂಬುದು ಅದರ ತಿರುಳು.

ಅದು ಎಷ್ಟಾಗಬಹುದು ಎಂಬುದಕ್ಕೆ ಒಂದು ಲೆಕ್ಕ, ಸಂಖ್ಯೆಗಳು ಉದಾಹರಣೆಗೆ ಮಾತ್ರ. 2,500 ಚದರಡಿಯ ಅಂಗಡಿ ಚದರಡಿಗೆ ವರ್ಷಕ್ಕೆ 40 ಡಾಲರ್ ಕೊಟ್ಟರೆ ಬಾಡಿಗೆ 1 ಲಕ್ಷ ಡಾಲರ್. ಅದರ ವ್ಯಾಪಾರ 6 ಲಕ್ಷ, ಕಲಮಿನ ಪ್ರಕಾರ ಶೇ 5 ಕೊಡತೊಡಗಿದರೆ ಬರುವುದು 30,000. ಒಂದು ಅಂಗಡಿಯಿಂದ 70,000 ಹೋಯಿತು. ಇಂಥ 20 ಅಂಗಡಿಗಳಿದ್ದರೆ 14 ಲಕ್ಷ. ಆದರೆ 1,50,000 ಚದರಡಿಯ ದೊಡ್ಡಂಗಡಿ ಚದರಡಿಗೆ 4 ಡಾಲರ್‌ನಂತೆ ಕೊಡುತ್ತಿದ್ದದ್ದು ಬರೀ 6 ಲಕ್ಷ. ಎಲ್ಲರೂ ಅಳುವುದು ಈ ಆರು ಲಕ್ಷಕ್ಕೆ, ಸೋರುತ್ತಿರುವುದು ಆ ಹದಿನಾಲ್ಕು ಲಕ್ಷ.

ಹಾಗಾಗಿ ನನ್ನ ಹಾಳೆಯಲ್ಲಿ ಪ್ರತಿ ಅಂಗಡಿಗೆ ಏಳು ಕಾಲಂ ಇರುತ್ತವೆ: ಯಾವ ದೊಡ್ಡಂಗಡಿಯ ಹೆಸರು ಬರೆದಿದೆ, ಮಾಲ್‌ನ ದೊಡ್ಡಂಗಡಿಗಳಲ್ಲಿ ಎಷ್ಟು ತೆರೆದಿದ್ದರೆ ಸಾಕು, ಖಾಲಿಯಾದ ಮೇಲೆ ಎಷ್ಟು ತಿಂಗಳ ಗಡುವಿದೆ, ಬದಲಿ ಎಂದರೆ ಏನು, ಬಾಡಿಗೆ ಎಷ್ಟಕ್ಕೆ ಇಳಿಯುತ್ತದೆ, ಲೀಸ್ ಬಿಟ್ಟುಹೋಗುವ ಹಕ್ಕು ಯಾವಾಗ ಹುಟ್ಟುತ್ತದೆ, ಆ ಹಕ್ಕು ಬಳಸದಿದ್ದರೆ ಪೂರ್ತಿ ಬಾಡಿಗೆಗೆ ಮರಳಬೇಕೇ. ನಾಲ್ಕನೆಯ ಕಾಲಮಿನಲ್ಲಿ ಬಹಳ ಜನ ಎಡವುತ್ತಾರೆ. ‘ಕನಿಷ್ಠ ಇಷ್ಟು ಚದರಡಿಯ ಒಂದೇ ಡಿಪಾರ್ಟ್‌ಮೆಂಟ್ ಸ್ಟೋರ್’ ಎಂದು ಬರೆದಿದ್ದರೆ ನೀವು ತರುವ ಜಿಮ್, ಆಟದ ಕೇಂದ್ರ, ದಿನಸಿ ಅಂಗಡಿ ಯಾವುದೂ ಬದಲಿ ಎನಿಸುವುದಿಲ್ಲ. ಕಟ್ಟಡ ತುಂಬಿದರೂ ಬಾಡಿಗೆ ಕಡಿಮೆಯೇ ಉಳಿಯುತ್ತದೆ. ಇಂಥ ಅಂಗಡಿಗಳ ಜತೆ ಮಾತುಕತೆ ಮೊದಲ ತಿಂಗಳಲ್ಲೇ ಶುರುವಾಗಬೇಕು. ಗಡುವು ಮುಗಿದ ಮೇಲೆ ಮಾತಾಡಲು ಅವರಿಗೆ ಯಾವ ಕಾರಣವೂ ಇರುವುದಿಲ್ಲ.

ಆರ್‌ಇಎ ಇನ್ನೊಂದು ಬೀಗ. ಮಾಲ್ ಕಟ್ಟುವಾಗ ದೊಡ್ಡಂಗಡಿಗಳೆಲ್ಲ ಸೇರಿ ಸಹಿ ಹಾಕಿದ ಪತ್ರ ಅದು. ಪಾರ್ಕಿಂಗ್ ಜಾಗದಲ್ಲಿ ಕಟ್ಟಡ ಏಳಬಾರದು, 1,000 ಚದರಡಿಗೆ 5 ಕಾರಿನ ಜಾಗ ಇರಬೇಕು, ಶಾಲೆ, ಆಸ್ಪತ್ರೆ, ಜಿಮ್, ಚಿತ್ರಮಂದಿರ ಬರಬಾರದು ಎಂಬಂಥ ನಿಷೇಧಗಳು ಅದರಲ್ಲಿ ಸಾಮಾನ್ಯ. ಬದಲಿಸಲು ಉಳಿದ ದೊಡ್ಡಂಗಡಿಗಳ ಒಪ್ಪಿಗೆ ಬೇಕು, ಒಪ್ಪಿಗೆ ಬಿಟ್ಟಿ ಸಿಗುವುದಿಲ್ಲ. ಆರ್ಕಿಟೆಕ್ಟ್‌ಗೆ ಮುಂಗಡ ಕೊಡುವ ಮೊದಲು ಈ ನಿಷೇಧಗಳ ಪಟ್ಟಿಯನ್ನು ಅವರ ಕೈಗೆ ಕೊಡಿ.

ದಿವಾಳಿ ಅರ್ಜಿ ಬಿದ್ದಿದ್ದರೆ ಕ್ಯಾಲೆಂಡರ್ ಬೇರೆಯೇ. ಲೀಸ್ ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂದು ನಿರ್ಧರಿಸಲು ಕಂಪನಿಗೆ 120 ದಿನ, ನ್ಯಾಯಾಲಯ ಒಪ್ಪಿದರೆ ಇನ್ನೂ 90 ದಿನ. ಅಷ್ಟರೊಳಗೆ ಆ ಲೀಸನ್ನು ಅವರು ಬೇರೆಯವರಿಗೆ ವರ್ಗಾಯಿಸಲೂಬಹುದು. ಬಿಟ್ಟರೆ, ಉಳಿದ ಅವಧಿಯ ಬಾಡಿಗೆಗೆ ಮಾಲೀಕ ಪೂರ್ತಿ ಹಕ್ಕು ಮಂಡಿಸುವಂತಿಲ್ಲ. ಒಂದು ವರ್ಷದ ಬಾಡಿಗೆ ಅಥವಾ ಉಳಿದ ಅವಧಿಯ ಶೇ 15, ಯಾವುದು ಹೆಚ್ಚೋ ಅದು. ಆ ಶೇ 15 ಕೂಡ ಮೂರು ವರ್ಷದ್ದಕ್ಕೆ ಮೀರುವಂತಿಲ್ಲ. ಅದೂ ಸಾಲ ಕೊಟ್ಟ ಉಳಿದವರ ಸಾಲಿನಲ್ಲಿ ನಿಂತು ಪಡೆಯಬೇಕಾದ ಹಣ. ಬಜೆಟ್‌ನಲ್ಲಿ ಅದನ್ನು ಸೊನ್ನೆ ಎಂದೇ ಬರೆಯುವುದು ನನ್ನ ರೂಢಿ.

ಖಾಲಿ ಮಾಡುವ ಮಾರಾಟ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವಾರ ನಡೆಯುತ್ತದೆ. ಅದನ್ನು ನಡೆಸುವವರು ಹೊರಗಿನ ಲಿಕ್ವಿಡೇಟರ್‌ಗಳು. ಕೊನೆಯ ದಿನಗಳಲ್ಲಿ ಕಪಾಟು, ಹ್ಯಾಂಗರ್, ದೀಪ ಎಲ್ಲ ಮಾರುತ್ತಾರೆ. ಇಲ್ಲಿ ಬರೆಸಿಕೊಳ್ಳಬೇಕಾದ ಷರತ್ತುಗಳು: ನೆಲದ ಬೋಲ್ಟ್‌ಗಳನ್ನು ನೆಲಮಟ್ಟಕ್ಕೆ ಕತ್ತರಿಸಬೇಕು, ಕಿತ್ತ ದೀಪದ ವೈರುಗಳಿಗೆ ಜಂಕ್ಷನ್ ಬಾಕ್ಸ್‌ನೊಳಗೇ ಟೋಪಿ ಹಾಕಬೇಕು, ತಾಮ್ರಕ್ಕಾಗಿ ಎಸಿಯ ಪೈಪು ಕತ್ತರಿಸುವಂತಿಲ್ಲ. ಕತ್ತರಿಸಿದರೆ ಅನಿಲ ಗಾಳಿಗೆ ಹೋಗುತ್ತದೆ, ಅದು ಕಾನೂನಿಗೆ ವಿರುದ್ಧ. ಹಳೆಯ ಯಂತ್ರಗಳಲ್ಲಿ ಇರುವುದು ಆರ್-22 ಎಂಬ ತಂಪು ಮಾಡುವ ಅನಿಲ. 2020ರ ಜನವರಿಯಿಂದ ಅದನ್ನು ಹೊಸದಾಗಿ ತಯಾರಿಸುವಂತಿಲ್ಲ, ತರಿಸಿಕೊಳ್ಳುವಂತೆಯೂ ಇಲ್ಲ.

ಇದೇ ವಾರಗಳಲ್ಲಿ ಇನ್ನೊಂದು ಕೆಲಸವನ್ನು ತಪ್ಪಿಸಲೇಬಾರದು. ಅಂಗಡಿಯ ಹಳೆಯ ಮೆಂಟೆನೆನ್ಸ್ ಕೆಲಸಗಾರರ ಜತೆ ಎರಡು ಗಂಟೆ ಕಟ್ಟಡ ಸುತ್ತಿ. ಕೈಯಲ್ಲಿ ಬಣ್ಣದ ಟೇಪ್ ಇರಲಿ. ನೀರಿನ ಮುಖ್ಯ ವಾಲ್ವ್‌ಗೆ ನೀಲಿ, ಬೆಂಕಿ ನಂದಿಸುವ ಸ್ಪ್ರಿಂಕ್ಲರ್‌ಗೆ ಕೆಂಪು, ಗ್ಯಾಸ್‌ಗೆ ಹಳದಿ. ಅಟ್ಟದ ಮೇಲಿನ ವಾಲ್ವ್ ಇದ್ದರೆ ಅದರ ನೇರ ಕೆಳಗಿನ ಕಂಬಕ್ಕೂ ಟೇಪ್ ಸುತ್ತಿ, ಎತ್ತರವನ್ನು ಅದರ ಮೇಲೆಯೇ ಬರೆಯಿರಿ. ಮ್ಯಾನೇಜರ್ ಕೋಣೆಯ ಮೂಲೆಯಲ್ಲಿ ಸುರುಳಿ ಸುತ್ತಿಟ್ಟ ಮೂಲ ನಕ್ಷೆಗಳಿರುತ್ತವೆ. ಕೊನೆಯ ದಿನ ಅವು ಕಸದ ತೊಟ್ಟಿಗೆ ಹೋಗುತ್ತವೆ. ಮೊದಲೇ ಕೇಳಿ ತಂದಿಟ್ಟುಕೊಳ್ಳಿ.

ಬಾಗಿಲು ಹಾಕಿದ ಮರುದಿನ ನಾನು ನೋಡುವುದು ಅಗ್ನಿ ಅಲಾರ್ಮ್ ಪೆಟ್ಟಿಗೆ. ಅದರ ಫೋನ್ ಸಂಪರ್ಕ ಮತ್ತು ನಿಗಾ ಸೇವೆ ಅಂಗಡಿಯ ಮುಖ್ಯ ಕಚೇರಿಯ ಹೆಸರಲ್ಲಿರುತ್ತವೆ. ಅವರು ಖಾತೆ ರದ್ದು ಮಾಡಿದ ಕ್ಷಣ ಪೆಟ್ಟಿಗೆ ಮೂಕವಾಗುತ್ತದೆ, ಹೊರಗೆ ಯಾರಿಗೂ ತಿಳಿಯುವುದಿಲ್ಲ. ವಿಮೆಯೂ ಹಾಗೆಯೇ. ಅಮೆರಿಕದ ಸಾಮಾನ್ಯ ಕಟ್ಟಡ ಪಾಲಿಸಿಯಲ್ಲಿ ಶೇ 31ಕ್ಕಿಂತ ಕಡಿಮೆ ಜಾಗ ಬಳಕೆಯಲ್ಲಿದ್ದರೆ ಕಟ್ಟಡ ಖಾಲಿ ಎಂದೇ ಲೆಕ್ಕ. ಹಾಗೆ 60 ದಿನ ದಾಟಿದ ಮೇಲೆ ಕಳ್ಳತನ, ಗಾಜು ಒಡೆತ, ನೀರು ಸೋರಿಕೆಗೆ ಪರಿಹಾರ ಸಿಗುವುದಿಲ್ಲ. 60 ದಿನದೊಳಗೆ ಖಾಲಿ ಕಟ್ಟಡದ ಪ್ರತ್ಯೇಕ ಷರತ್ತನ್ನು ಬರೆಸಿಕೊಳ್ಳಬೇಕು.

ಚಳಿಗಾಲದಲ್ಲಿ ಸ್ಪ್ರಿಂಕ್ಲರ್ ಪೈಪಿರುವ ಜಾಗ ಎಲ್ಲಿಯೂ 40 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 4 ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು. ಥರ್ಮೋಸ್ಟಾಟ್ ಅನ್ನು 40ಕ್ಕೇ ಇಟ್ಟರೆ ಸಾಲದು, ಅದು ಇರುವುದು ಕಟ್ಟಡದ ನಡುವೆ. ಪೈಪು ಒಡೆಯುವುದು ಡಾಕ್‌ನ ಶಟರ್ ಪಕ್ಕದಲ್ಲಿ, ಗಾಜಿನ ಬಾಗಿಲ ಮೇಲಿನ ತಗ್ಗು ಸೀಲಿಂಗ್‌ನೊಳಗೆ. ನಾನು 55ಕ್ಕೆ ಇಟ್ಟು ಆ ಎರಡು ಜಾಗಗಳಲ್ಲಿ ಪ್ರತ್ಯೇಕ ತಾಪಮಾನ ಸೆನ್ಸರ್ ಹಾಕುತ್ತೇನೆ. ಬೇಸಿಗೆಯಲ್ಲಿ ಎಸಿ ಪೂರ್ತಿ ಆರಿಸಿದರೆ ಎರಡೇ ತಿಂಗಳಲ್ಲಿ ಕಾರ್ಪೆಟ್ಟಿಗೆ ಬೂಷ್ಟು ಹಿಡಿಯಬಹುದು. ತೇವಾಂಶ ಶೇ 60 ದಾಟದಂತೆ ನೋಡಿ.

ನೆಲದ ಡ್ರೈನ್‌ಗಳ ಕೆಳಗಿನ ಬಾಗಿದ ಪೈಪಿನಲ್ಲಿ ನೀರು ನಿಂತಿದ್ದರೆ ಮಾತ್ರ ಚರಂಡಿಯ ವಾಸನೆ ಮೇಲೆ ಬರುವುದಿಲ್ಲ. ಖಾಲಿ ಕಟ್ಟಡದಲ್ಲಿ ಅದು ಕೆಲವೇ ವಾರಗಳಲ್ಲಿ ಆರುತ್ತದೆ. ಪ್ರತಿ ಡ್ರೈನ್‌ಗೆ ಅರ್ಧ ಬಕೆಟ್ ನೀರು ಸುರಿದು ಮೇಲೆ ಒಂದು ಲೋಟ ಮಿನರಲ್ ಆಯಿಲ್ ಹಾಕಿದರೆ ತಿಂಗಳುಗಟ್ಟಲೆ ಆರುವುದಿಲ್ಲ. ಎಸ್ಕಲೇಟರ್‌ನ ಕೆಳಗಿನ ಗುಂಡಿಯನ್ನು ತಿಂಗಳಿಗೊಮ್ಮೆ ತೆರೆದು ನೋಡಿ. ಚಾವಣಿಯ ನೀರು ಒಳಗೆ ಇಳಿದರೆ ಕೊನೆಗೆ ಬಂದು ನಿಲ್ಲುವುದು ಅಲ್ಲಿಯೇ.

ಇನ್ನು ಒಡೆದು ಹಂಚುವ ಕೆಲಸ. ಗೋಡೆ ಮುಟ್ಟುವ ಮೊದಲು ಕಲ್ನಾರಿನ (ಆಸ್ಬೆಸ್ಟಾಸ್) ತಪಾಸಣೆ ಕಡ್ಡಾಯ. 9 ಇಂಚಿನ ಚೌಕದ ಹಳೆಯ ನೆಲಹಾಸು, ಅದರ ಕೆಳಗಿನ ಕಪ್ಪು ಅಂಟು ಕಂಡರೆ ಕಲ್ನಾರು ಇದೆ ಎಂದುಕೊಂಡೇ ಲೆಕ್ಕ ಹಾಕಿ. ಕಾರು ರಿಪೇರಿ ವಿಭಾಗವಿದ್ದ ಅಂಗಡಿಯಾದರೆ ನೆಲದೊಳಗಿನ ಎಣ್ಣೆ ಟ್ಯಾಂಕು, ಹೈಡ್ರಾಲಿಕ್ ಲಿಫ್ಟ್‌ಗಳ ಸುತ್ತ ಮಣ್ಣಿನ ಪರೀಕ್ಷೆಯೂ ಬೇಕು.

1,50,000 ಚದರಡಿಯನ್ನು ಎರಡು ಮಹಡಿಗೆ ಹಂಚಿದರೆ ಒಂದೊಂದೂ 75,000, ಅಂದರೆ ಹೆಚ್ಚುಕಡಿಮೆ 270 ಅಡಿ ಉದ್ದ, 270 ಅಡಿ ಆಳ. ಸಾಮಾನ್ಯ ಬಾಡಿಗೆದಾರರಿಗೆ ಬೇಕಾದ ಆಳ ಇದರ ಅರ್ಧ. ಹಾಗಾಗಿ ಮುಂಭಾಗಕ್ಕೆ ಅಂಗಡಿ ಹೋಗಿ ಹಿಂದಿನ ನಡುಭಾಗ ಕತ್ತಲಲ್ಲಿ ಉಳಿಯುತ್ತದೆ. ಮನೆಗಳನ್ನು ಮಾಡಲು ಬರುವುದಿಲ್ಲ ಎನ್ನುವುದೂ ಇದಕ್ಕೇ. ನಡುವೆ ಓಣಿ, ಎರಡೂ ಕಡೆ ಮನೆ ಇರುವ ಕಟ್ಟಡದ ಅಗಲ ಸುಮಾರು 65 ಅಡಿ, ಆಗ ಮಾತ್ರ ಎಲ್ಲ ಕೋಣೆಗೂ ಕಿಟಕಿ ಸಿಗುತ್ತದೆ. ಮನೆ ಬೇಕೆಂದರೆ ಕಟ್ಟಡ ಕೆಡವುವುದೇ ಸರಿ.

ಮೇಲಿನ ಮಹಡಿಗೆ ಯಾರನ್ನು ತರುತ್ತೀರಿ ಎಂಬುದನ್ನು ತೂಕವೇ ನಿರ್ಧರಿಸುತ್ತದೆ. ಅಂಗಡಿಗಳಿಗೆ ನೆಲಮಹಡಿ ಚದರಡಿಗೆ 100 ಪೌಂಡ್, ಮೇಲಿನದು 75 ಪೌಂಡ್ ಭಾರಕ್ಕೆ ವಿನ್ಯಾಸವಾಗಿರುತ್ತದೆ. ಕಚೇರಿಗೆ 50, ತರಗತಿಗೆ 40 ಸಾಕು, ಆದ್ದರಿಂದ ಅವು ಮೇಲೆ ಸುಲಭವಾಗಿ ಕೂರುತ್ತವೆ. ಜಿಮ್‌ಗೆ 100 ಬೇಕು, ಗ್ರಂಥಾಲಯದ ಪುಸ್ತಕದ ಕಪಾಟುಗಳಿಗೆ 150. ಇವನ್ನು ಮೇಲೆ ಹಾಕುವುದಾದರೆ ತೊಲೆಗಳಿಗೆ ಉಕ್ಕು ಸೇರಿಸಬೇಕು. ಜನರ ಎಣಿಕೆಯೂ ಬದಲಾಗುತ್ತದೆ. ಈಗಿನ ಅಂತರರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಅಂಗಡಿಗೆ 60 ಚದರಡಿಗೆ ಒಬ್ಬರು, ಮೇಜು-ಕುರ್ಚಿ ಹಾಕಿದ ಜಾಗಕ್ಕೆ 15ಕ್ಕೆ ಒಬ್ಬರು. ಅದೇ ನೆಲಕ್ಕೆ ನಾಲ್ಕು ಪಟ್ಟು ಜನ ಎಂದಾಗ ಹಳೆಯ ಮೆಟ್ಟಿಲುಗಳ ಅಗಲ ಸಾಲುವುದಿಲ್ಲ.

ತೂಕದ ಈ ಲೆಕ್ಕ ನೋಡಿದರೆ ಕೆಲವು ಪರಿವರ್ತನೆಗಳು ಏಕೆ ಒಗ್ಗಿದವು ಎಂದು ತಿಳಿಯುತ್ತದೆ. ವರ್ಮಾಂಟ್‌ನ ಬರ್ಲಿಂಗ್ಟನ್‌ನಲ್ಲಿ 2021ರಲ್ಲಿ ಹಳೆಯ ಮೇಸೀಸ್ ಮಳಿಗೆ ಪ್ರೌಢಶಾಲೆಯಾಯಿತು, ಮಕ್ಕಳು ಎಸ್ಕಲೇಟರ್‌ನಲ್ಲೇ ತರಗತಿಗೆ ಹೋದರು. ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಹೈಲ್ಯಾಂಡ್ ಮಾಲ್‌ನ ಜೆಸಿಪೆನ್ನಿ ಕಟ್ಟಡವನ್ನು ಕಮ್ಯುನಿಟಿ ಕಾಲೇಜು ಕೊಂಡು 600ಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಕಲಿಕಾ ಕೇಂದ್ರ ಮಾಡಿತು. ನ್ಯಾಶ್‌ವಿಲ್‌ನ ಒನ್ ಹಂಡ್ರೆಡ್ ಓಕ್ಸ್ ಮಾಲ್‌ನಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಕ್ಲಿನಿಕ್‌ಗಳು ಬಂದವು. ಹಗಲಲ್ಲೇ ಬಂದುಹೋಗುವ ಜನ, ಮೊದಲೇ ಇರುವ ಪಾರ್ಕಿಂಗ್, ಕಿಟಕಿ ಇಲ್ಲದಿದ್ದರೂ ನಡೆಯುವ ಕೋಣೆಗಳು. ಎಕ್ಸ್‌ರೇ, ಪ್ರಯೋಗಾಲಯ, ದಾಸ್ತಾನನ್ನು ಆ ಕತ್ತಲ ನಡುಭಾಗಕ್ಕೆ ಹಾಕಬಹುದು.

ಕೊನೆಗೆ ಮಾಲ್ ಕಡೆಗಿನ ದ್ವಾರ. ದೊಡ್ಡಂಗಡಿಯ ತುರ್ತು ದಾರಿಗಳು ಮಾಲ್ ಅನ್ನು ನೆಚ್ಚಿರಬಾರದು ಎಂದು ಸಂಹಿತೆಯೇ ಹೇಳುವುದರಿಂದ ಅಲ್ಲಿ ಗೋಡೆ ಕಟ್ಟಲು ಅಡ್ಡಿಯಿಲ್ಲ. ಆದರೆ ಹೊಸ ಬಾಡಿಗೆದಾರರೆಲ್ಲ ಹೊರಬಾಗಿಲನ್ನಷ್ಟೇ ಕೇಳುತ್ತಾರೆ, ಒಳದ್ವಾರ ಮುಚ್ಚಿದ ಮೇಲೆ ಆ ತುದಿಯ ಸಣ್ಣ ಅಂಗಡಿಗಳ ಮುಂದೆ ಹಾದುಹೋಗುವವರೇ ಇರುವುದಿಲ್ಲ. ನಾನು ಅಲ್ಲಿ ಕನಿಷ್ಠ 20 ಅಡಿ ಅಗಲದ ಹಾದಿಯನ್ನು ಉಳಿಸಿ ಪಾರ್ಕಿಂಗ್‌ವರೆಗೆ ಎಳೆಯುತ್ತೇನೆ, ಅದರ ಎರಡೂ ಬದಿಗೆ 1,500 ಚದರಡಿಯೊಳಗಿನ ಅಂಗಡಿಗಳನ್ನು ಕೂರಿಸುತ್ತೇನೆ. ಹಾದಿಗೆ ಹೋದ ಜಾಗಕ್ಕೆ ಬಾಡಿಗೆ ಬರುವುದಿಲ್ಲ ಎಂದು ಮಾಲೀಕರು ತಕರಾರು ತೆಗೆದಾಗ ಆ ಏಳು ಕಾಲಮಿನ ಹಾಳೆಯನ್ನು ಮುಂದಿಡುತ್ತೇನೆ: ಆ ತುದಿಯ ಎಷ್ಟು ಅಂಗಡಿಗಳಿಗೆ ಲೀಸ್ ಬಿಟ್ಟುಹೋಗುವ ಹಕ್ಕು ಹುಟ್ಟಿದೆ, ಯಾವ ತಿಂಗಳಲ್ಲಿ ಮುಗಿಯುತ್ತದೆ ಎಂಬುದು ಅದರಲ್ಲೇ ಇದೆ.